ಕತ್ತರಿಗೆ ಸಿಕ್ಕ ಕಾನೂನು

ಎಡವಟ್ಟು ಶುರುವಾದದ್ದು ಒಂದು ನೀರಿನ ಪಂಪಿನಿಂದ. ಅದನ್ನು ಕದ್ದವನನ್ನು ಬೆಳಗ್ಗೆ ಏಳು ಗಂಟೆಗೆ ಪೊಲೀಸಿನವನೊಬ್ಬ ಜೈಲಿನ ಬಾಗಿಲಿಗೆ ತಂದು ನಿಲ್ಲಿಸಿ, ಜೊತೆಗಿದ್ದ ಕಾಗದವನ್ನು ವಾರ್ಡರನ ಕೈಗೆ ಕೊಟ್ಟ. ವಾರ್ಡರ್ ಓದಿ ನೋಡಿದ. ಕಳ್ಳತನ, ಕಲಂ ತೊಂಬತ್ತೇಳು ಎಂದಿತ್ತು. ಅವನಿಗೆ ನಗು ಬಂತು.

"ಕಳ್ಳತನ ಅಂದ್ರೆ ಇನ್ನೂರ ಹನ್ನೆರಡು ಕಣಯ್ಯಾ. ತೊಂಬತ್ತೇಳು ಖೋಟಾ ನೋಟು. ಇವನ ಮುಖ ನೋಡು, ನೋಟು ಅಚ್ಚು ಹಾಕೋ ಮುಖವಾ ಇದು?"

ಪೊಲೀಸಿನವನು ರೋಗಿಯನ್ನು ನೋಡುವ ಹಾಗೆ ಅವನನ್ನು ನೋಡಿದ. "ಅಣ್ಣಾ, ಹಳೇ ಕಾನೂನು ಹೋಗಿ ಹೊಸದು ಬಂದು ಮೂರು ತಿಂಗಳಾಯ್ತು. ನಂಬರೆಲ್ಲ ಬದಲು. ನೀವೆಲ್ಲಿದ್ರಿ?"

ಎಲ್ಲಿದ್ದ ಅಂದರೆ ಜೈಲಿನಲ್ಲೇ ಇದ್ದ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದ. ಆದರೆ ಆ ಮಾತು ಕೇಳಿದಾಗ, ಕತ್ತಲಲ್ಲಿ ಮೆಟ್ಟಿಲು ಇದೆ ಎಂದು ಕಾಲಿಟ್ಟವನಿಗೆ ಮೆಟ್ಟಿಲೇ ಸಿಗದಂತಾಯಿತು. ಯಾಕೆಂದರೆ ಅವತ್ತೇ ಮಧ್ಯಾಹ್ನ ಎರಡು ಗಂಟೆಗೆ ಅವನಿಗೆ ಪರೀಕ್ಷೆ. ವಿಷಯ, ಅಪರಾಧ ಕಾನೂನು.

ಅದು ಮುಖ್ಯ ವಾರ್ಡರ್ ಹುದ್ದೆಯ ಪರೀಕ್ಷೆ. ಇದ್ದದ್ದು ಒಂದೇ ಹುದ್ದೆ. ಪಾಸಾದರೆ ಹಿರಿತನದ ಮೇಲೆ ಅವನಿಗೇ ಬರಬೇಕು. ಫೇಲಾದರೆ ಮುಂದಿನವನಿಗೆ. ಮುಂದಿನವನು ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ತಮ್ಮ. ಹನ್ನೆರಡು ವರ್ಷ ಚಿಕ್ಕವನು. ಆ ಹುಡುಗನಿಗೆ ಈ ಕೆಲಸ ಕೊಡಿಸಿದ್ದು, ಬೂಟಿನ ದಾರ ಕಟ್ಟಲು ಕಲಿಸಿದ್ದು ಇವನೇ. ಈಗ ಅವನಿಗೆ ಸಾರ್ ಅನ್ನಬೇಕಾಗುತ್ತದೆ ಎಂಬ ಯೋಚನೆ ಬಂದಾಗಲೆಲ್ಲ ವಾರ್ಡರನಿಗೆ ಅನ್ನ ಗಂಟಲಲ್ಲಿ ನಿಲ್ಲುತ್ತಿತ್ತು. ಪರೀಕ್ಷೆಗೆ ಅವನು ಕೂರುತ್ತಿರುವುದು ಇದು ಮೂರನೆಯ ಸಲ. ಮೂರಕ್ಕಿಂತ ಹೆಚ್ಚು ಸಲ ಕೂರಿಸುವುದಿಲ್ಲ ಎಂದು ನಿಯಮವಿತ್ತು.

ಅವನು ದಡ್ಡನಲ್ಲ. ಅವನಿಗೆ ಪುಸ್ತಕ ಹಿಡಿಸುತ್ತಿರಲಿಲ್ಲ, ಅಷ್ಟೇ. ಪುಸ್ತಕ ತೆರೆದರೆ ಐದು ನಿಮಿಷಕ್ಕೆ ಗೊರಕೆ. ಹಾಗಾಗಿ ಅವನು ಕೈದಿಗಳನ್ನು ನೋಡಿಯೇ ಕಾನೂನು ಕಲಿತಿದ್ದ. ಪ್ರತಿ ಕೋಣೆಯ ಹೊರಗೂ ಒಂದು ಕಪ್ಪು ಹಲಗೆ, ಅದರ ಮೇಲೆ ಕೈದಿಯ ಅಪರಾಧ ಮತ್ತು ಕಲಂ. ದಿನಕ್ಕೆ ನಾಲ್ಕು ಸಲ ಸುತ್ತು ಹೊಡೆದರೆ ನಾಲ್ಕು ಸಲ ಪಾಠ. ಕಳ್ಳತನ ಎಂದರೆ ಮೂರನೇ ಕೋಣೆಯ ಗೂನುಬೆನ್ನಿನವನು, ದರೋಡೆ ಎಂದರೆ ಏಳನೇ ಕೋಣೆಯ ಹಲ್ಲಿಲ್ಲದವನು. ಮುಖ ನೆನಪಾದರೆ ನಂಬರು ತಾನಾಗಿ ಬರುತ್ತಿತ್ತು. ಹಿಂದಿನ ಸಲ ಪರೀಕ್ಷೆಗೆ ಎರಡು ದಿನ ಮುಂಚೆ ಸುಲಿಗೆಯವನೂ ಅಪಹರಣದವನೂ ಬಿಡುಗಡೆಯಾಗಿ ಹೋಗಿ, ಉತ್ತರಪತ್ರಿಕೆಯಲ್ಲಿ ಎರಡು ಜಾಗ ಖಾಲಿ ಬಿದ್ದು, ಆ ಎರಡೇ ಅಂಕ ಕಡಿಮೆಯಾಗಿ ಫೇಲಾಗಿದ್ದ. ಈ ಸಲ ಆ ತೊಂದರೆ ಇರಲಿಲ್ಲ. ಎಲ್ಲರೂ ಒಳಗಿದ್ದರು. ಎಲ್ಲರೂ ಹಳೆಯ ಕೈದಿಗಳು, ಎಲ್ಲರ ಹಲಗೆಯ ಮೇಲೂ ಹಳೆಯ ನಂಬರು.

ಇಷ್ಟು ದೊಡ್ಡ ಸುದ್ದಿ ಪತ್ರಿಕೆಯಲ್ಲಿ ಬಂದಿರಲೇಬೇಕು, ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ ಎಂದು ಅವನು ಯೋಚಿಸಿದ. ಉತ್ತರವೂ ಆಗಲೇ ಹೊಳೆಯಿತು. ಕೈದಿಗಳ ಪತ್ರಿಕೆಯಲ್ಲಿ ಅಪರಾಧದ ಸುದ್ದಿ ಇರಬಾರದು ಎಂಬುದು ಆ ಜೈಲಿನ ನಿಯಮ. ದಿನಾ ಬೆಳಗ್ಗೆ ಪತ್ರಿಕೆಯನ್ನು ಕತ್ತರಿಸಿ ಒಳಗೆ ಕಳಿಸುವ ಕೆಲಸ ಅವನದೇ. ಪೊಲೀಸ್, ಕೋರ್ಟು, ಕಾನೂನು ಎಂಬ ಪದ ತಲೆಬರಹದಲ್ಲಿ ಕಂಡರೆ ಸಾಕು, ಮುಂದಿನದನ್ನು ಓದದೆ ಕರಕರ ಕತ್ತರಿಸಿ ಗೋಣಿಚೀಲಕ್ಕೆ ತುರುಕುತ್ತಿದ್ದ. ದೇಶದ ಕಾನೂನು ಬದಲಾದ ಸುದ್ದಿಯನ್ನು ತನ್ನ ಕೈಯಾರೆ ಕತ್ತರಿಸಿ ಚೀಲಕ್ಕೆ ಹಾಕಿದ್ದ.

ಚೀಲ ಉಗ್ರಾಣದಲ್ಲಿತ್ತು. ಅದನ್ನು ಅಂಗಳಕ್ಕೆ ಎಳೆದು ತಂದು ನೆಲಕ್ಕೆ ಸುರಿದ. ಮೂರು ತಿಂಗಳ ಕಳ್ಳತನ, ಕೊಲೆ, ವಂಚನೆ ಮೊಣಕಾಲೆತ್ತರ ಗುಡ್ಡೆ ಬಿತ್ತು. ಅದರ ಮಧ್ಯೆ ಅವನು ಬೆಕ್ಕು ಬೂದಿ ಕೆದಕಿದ ಹಾಗೆ ಕೆದಕುತ್ತಿರುವುದನ್ನು ಕಂಡು ಪತ್ರಬರಹಗಾರ ಬಂದ. ಊರಿನ ಅರ್ಧ ಜನರ ಸಹಿಯನ್ನು ಅವರಿಗಿಂತ ಚೆನ್ನಾಗಿ ಹಾಕಿ ಒಳಗೆ ಬಂದಿದ್ದ ಕೈದಿ ಅವನು. ಓದುಬರಹ ಬಲ್ಲವನೆಂದು ಗ್ರಂಥಾಲಯ ಅವನ ವಶದಲ್ಲಿತ್ತು. ವಿಷಯ ಕೇಳಿ ಅವನೂ ಮಂಡಿಯೂರಿದ. ಅರ್ಧ ಗಂಟೆಗೆ ಸಿಕ್ಕಿತು. ಇಡೀ ಪುಟದ ಪಟ್ಟಿ, ಎಡಗಡೆ ಹಳೆಯ ಕಲಂ, ಬಲಗಡೆ ಹೊಸದು.

ಪಟ್ಟಿ ಸಿಕ್ಕಿದ್ದಕ್ಕೆ ಸಂತೋಷ ಪಟ್ಟದ್ದು ಎರಡೇ ನಿಮಿಷ. ಗೂನುಬೆನ್ನಿನವನನ್ನು ನೆನೆದರೆ ಇನ್ನೂರ ಹನ್ನೆರಡೇ ಬರುತ್ತಿತ್ತು. ತಿಂಗಳುಗಟ್ಟಲೆ ತಲೆಯಲ್ಲಿ ಕೂತಿದ್ದ ನಂಬರು ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಹೊರಗೆ ಹೋಗಲು ಒಪ್ಪಲಿಲ್ಲ.

"ಹಳೇದನ್ನ ಮರೀಬೇಕು ಸಾರ್," ಅಂದ ಪತ್ರಬರಹಗಾರ. "ಎರಡೂ ಒಟ್ಟಿಗೆ ಇಟ್ಕೊಂಡ್ರೆ ಕಲಸುಮೇಲೋಗರ ಆಗುತ್ತೆ. ಹಲಗೆ ಮೇಲಿಂದಾನೂ ಅಳಿಸಿ, ತಲೆಯಿಂದಾನೂ ಅಳಿಸಿ."

ವಾರ್ಡರ್ ಒದ್ದೆ ಬಟ್ಟೆ, ಸೀಮೆಸುಣ್ಣ ಹಿಡಿದು ಹೊರಟ. ಮೊದಲ ನಾಲ್ಕು ಕೋಣೆ ಸಲೀಸಾಗಿ ಮುಗಿಯಿತು. ಐದನೆಯದರಲ್ಲಿ ಹೊಡೆದಾಟದ ಕೇಸಿನ ಪೈಲ್ವಾನನಿದ್ದ. ಅವನ ಎಂಬತ್ತನ್ನು ಅಳಿಸಿ ಮುನ್ನೂರ ಹದಿನೈದು ಬರೆಯುವುದನ್ನು ಕಂಬಿಯ ಸಂದಿಯಿಂದ ನೋಡಿ, ತನ್ನ ಶಿಕ್ಷೆಯನ್ನು ನಾಲ್ಕು ಪಟ್ಟು ಹೆಚ್ಚಿಸಿದ್ದಾರೆ ಎಂದು ಅವನು ತಪ್ಪು ತಿಳಿದ. ತಟ್ಟೆಯನ್ನು ಕಂಬಿಗೆ ಬಡಿಯತೊಡಗಿದ. ಪಕ್ಕದವನೂ ಬಡಿದ. ನಂಬರು ಕಡಿಮೆಯಾದ ಇಬ್ಬರು ಇವತ್ತೇ ಬಿಡುಗಡೆ ಎಂದುಕೊಂಡು ಹಾಸಿಗೆ ಸುತ್ತಿ ಬಾಗಿಲಲ್ಲಿ ನಿಂತರು. ಒಬ್ಬ ಪಕ್ಕದ ಕೋಣೆಯವನಿಗೆ ತನ್ನ ಚೊಂಬನ್ನು ದಾನ ಮಾಡಿಯೂ ಬಿಟ್ಟ.

ಗದ್ದಲಕ್ಕೆ ಜೈಲರ್ ಅರ್ಧ ಗಡ್ಡ ಹೆರೆದ ಮುಖದಲ್ಲೇ ಓಡಿ ಬಂದರು. ಹಲಗೆಗಳನ್ನು ನೋಡಿ ಏನಿದೆಲ್ಲ ಎಂದು ಗದರಿದರು. ವಾರ್ಡರ್ ತೊದಲುತ್ತ ಎಲ್ಲ ಹೇಳಿದ. ಅವರು ಬೈದರು, ಚೆನ್ನಾಗಿಯೇ ಬೈದರು. ಕಾನೂನು ಬದಲಾಗಿದ್ದರ ಸುತ್ತೋಲೆ ತಮಗೂ ಬಂದಿತ್ತು, ಎಲ್ಲೋ ಇಟ್ಟಿದ್ದೇನೆ ಎಂದರು. ಆಮೇಲೆ ಪೈಲ್ವಾನನಿಗೆ ನಂಬರಿಗೂ ವರ್ಷಕ್ಕೂ ಸಂಬಂಧವಿಲ್ಲ ಎಂದು ತಿಳಿಹೇಳಿ, ಸಂಜೆಯೊಳಗೆ ಹಲಗೆಗಳೆಲ್ಲ ಮೊದಲಿನ ಹಾಗೆ ಆಗಬೇಕೆಂದು ಹೇಳಿ ಉಳಿದ ಅರ್ಧ ಗಡ್ಡ ಹೆರೆಯಲು ಹೋದರು.

ಚೊಂಬು ಕಳೆದುಕೊಂಡವನನ್ನು ಬಿಟ್ಟರೆ ಉಳಿದವರಿಗೆಲ್ಲ ಆಮೇಲೆ ಇದೊಂದು ಆಟವಾಯಿತು. ವಾರ್ಡರ್ ಅಂಗಳದ ನಡುವೆ ನಿಂತ. ಪತ್ರಬರಹಗಾರ ಅಪರಾಧ ಕೂಗುತ್ತಿದ್ದ, ವಾರ್ಡರ್ ನಂಬರು ಹೇಳುತ್ತಿದ್ದ. ಹಳೆಯ ನಂಬರು ಬಂದರೆ ಕೈದಿಗಳೆಲ್ಲ ಒಟ್ಟಿಗೆ ತಟ್ಟೆ ಬಡಿಯುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ವಾರ್ಡರನಿಗೆ ಶಿಕ್ಷೆ ಕೊಡುವ ಅವಕಾಶ ಅವರಿಗೆ ಸಿಕ್ಕಿದ್ದು ಅದೇ ಮೊದಲು. ಅದನ್ನು ಅವರು ದಂಡ ಮಾಡಲಿಲ್ಲ. ಹನ್ನೆರಡೂವರೆ ಹೊತ್ತಿಗೆ ಅವನ ಕಿವಿ ಗುಂಯ್‌ಗುಡುತ್ತಿತ್ತು, ಬಾಯಿಂದ ಹೊಸ ನಂಬರು ಪಟಪಟನೆ ಉದುರುತ್ತಿತ್ತು. ಕಳ್ಳತನದ ಹಳೆಯ ಕಲಂ ಯಾವುದೆಂದು ಪತ್ರಬರಹಗಾರ ಸುಮ್ಮನೆ ಕೇಳಿದ. ವಾರ್ಡರ್ ತಲೆ ಕೆರೆದುಕೊಂಡ. ಹೊಳೆಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೆಂಡತಿ ಬುತ್ತಿ ತಂದಿದ್ದಳು. ನಿನ್ನ ತಮ್ಮ ಓದಿದನಾ ಎಂದು ಕೇಳಿದ. ಹಳೇ ಪುಸ್ತಕ ಎದೆ ಮೇಲಿಟ್ಟುಕೊಂಡು ಮಲಗಿದ್ದಾನೆ, ಎಬ್ಬಿಸಿ ಬಂದೆ ಎಂದಳು. ಹಳೇ ಪುಸ್ತಕ ಎಂಬ ಮಾತು ಕೇಳಿ ವಾರ್ಡರನಿಗೆ ಎರಡು ತುತ್ತು ಜಾಸ್ತಿ ಸೇರಿತು. ಪಾಪ, ಹುಡುಗನಿಗೆ ಹೊಸ ಕಾನೂನಿನ ವಿಷಯ ಹೇಳಿಬಿಡಬೇಕು ಎಂದು ಮನಸ್ಸು ಒಂದು ಕ್ಷಣ ಅಂದಿತು. ಅವನು ಮನಸ್ಸಿಗೆ ನೀರು ಕುಡಿಸಿ ಸುಮ್ಮನಾಗಿಸಿದ.

ಪರೀಕ್ಷೆಗೆ ಕೂತವರು ಆರು ಜನ. ನಿವೃತ್ತ ನ್ಯಾಯಾಧೀಶರೊಬ್ಬರು ಪರೀಕ್ಷಕರು. ಪ್ರಶ್ನೆಪತ್ರಿಕೆಯಲ್ಲಿ ಹತ್ತು ಘಟನೆ ಕೊಟ್ಟು, ಯಾವ ಅಪರಾಧ, ಯಾವ ಕಲಂ ಎಂದು ಕೇಳಿದ್ದರು. ವಾರ್ಡರ್ ತಲೆ ಎತ್ತದೆ ಬರೆದ. ಮುಖಗಳು ಸಾಲಾಗಿ ಬಂದವು, ಎದೆಯ ಮೇಲೆ ಸೀಮೆಸುಣ್ಣದ ಹೊಸ ನಂಬರು ಹೊತ್ತುಕೊಂಡು ಬಂದವು. ಮುಕ್ಕಾಲು ಗಂಟೆಗೆ ಮುಗಿಸಿ ಮೈಮುರಿದ. ಎದುರು ಬೆಂಚಿನಲ್ಲಿ ಭಾವಮೈದುನ ಪೆನ್ನು ಕಚ್ಚುತ್ತ ಬರೆಯುತ್ತಿದ್ದ. ಬರಿ ಮಗನೇ, ಹಳೇದನ್ನೇ ಬರಿ ಎಂದುಕೊಂಡು ವಾರ್ಡರ್ ಹೊತ್ತು ಕಳೆಯಲು ಪ್ರಶ್ನೆಪತ್ರಿಕೆಯನ್ನು ಮೊದಲಿಂದ ಓದಿದ.

ಎರಡು ವರ್ಷದ ಹಿಂದೆ ಒಬ್ಬನು ಮತ್ತೊಬ್ಬನ ಮನೆಗೆ ನುಗ್ಗಿ, ಎಂದಿತ್ತು ಮೊದಲನೆಯದು. ಕಳೆದ ವರ್ಷ ಒಬ್ಬ ವ್ಯಾಪಾರಿ, ಎಂದಿತ್ತು ಎರಡನೆಯದು. ಮೂರು ವರ್ಷದ ಹಿಂದೆ. ಒಂದೂವರೆ ವರ್ಷದ ಹಿಂದೆ. ಉಳಿದ ಆರನ್ನೂ ಬೆರಳಿಟ್ಟು ನೋಡಿದ, ಎಲ್ಲವೂ ಹಿಂದಿನವೇ. ಎದ್ದು ಪರೀಕ್ಷಕರ ಮೇಜಿನ ಬಳಿ ಹೋಗಿ ಮೆಲ್ಲಗೆ ಕೇಳಿದ.

"ಸಾರ್, ಈ ಅಪರಾಧ ಎಲ್ಲ ಹಳೇವು. ಈಗ ಹೊಸ ಕಾನೂನು ಬಂದಿದೆಯಲ್ಲ?"

ಪರೀಕ್ಷಕರು ಕನ್ನಡಕ ಇಳಿಸಿ ಮೆಚ್ಚುಗೆಯಿಂದ ನೋಡಿ, ಬೇರೆಯವರಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ ಹೇಳಿದರು. "ಭೇಷ್, ಅದೇ ನಾನು ಪರೀಕ್ಷೆ ಮಾಡ್ತಿರೋದು. ಅಪರಾಧ ನಡೆದ ದಿನ ಯಾವ ಕಾನೂನು ಇತ್ತೋ ಅದೇ ಅನ್ವಯ. ಹೊಸದು ಹಿಂದಕ್ಕೆ ಹೋಗೋದಿಲ್ಲ. ಹತ್ತಕ್ಕೆ ಹತ್ತೂ ಹಳೇ ಕಲಂ ಬರೀಬೇಕು. ನಿಮಗಂತೂ ಗೊತ್ತಾಗಿದೆ, ಕೂತ್ಕೊಳ್ಳಿ."

ಇನ್ನೂ ಒಂದು ಗಂಟೆ ಇತ್ತು. ಹತ್ತೂ ಉತ್ತರ ಹೊಡೆದು ಹಾಕಿದ. ಕಣ್ಣು ಮುಚ್ಚಿ ಗೂನುಬೆನ್ನಿನವನನ್ನು ಕರೆದ. ಬಂದ, ಹೊಸ ನಂಬರು ತೋರಿಸಿದ. ಹಲ್ಲಿಲ್ಲದವನನ್ನು ಕರೆದ. ಅವನೂ ಅದನ್ನೇ ತೋರಿಸಿದ. ಹಳೆಯದು ನಾಲಿಗೆಯ ತುದಿಗೆ ಬರುವ ಹೊತ್ತಿಗೆ ಕಿವಿಯೊಳಗೆ ತಟ್ಟೆಗಳು ಬಡಿದುಕೊಂಡವು. ಗಂಟೆ ಹೊಡೆದಾಗ ಕಾಗದದ ಮೇಲೆ ಇದ್ದದ್ದು ಬೆವರು ಮಾತ್ರ.

ಆರೇ ಪತ್ರಿಕೆ, ಪರೀಕ್ಷಕರು ಅಲ್ಲೇ ತಿದ್ದಿ ಐದು ಗಂಟೆಗೆ ಫಲಿತಾಂಶ ಓದಿದರು. ಭಾವಮೈದುನನಿಗೆ ಹತ್ತಕ್ಕೆ ಎಂಟು. ಹೊಸ ಕಾನೂನಿನ ಬಲೆಗೆ ಬೀಳದೆ ಸೂಕ್ಷ್ಮ ಅರಿತು ಬರೆದಿದ್ದಾನೆ ಎಂದು ಎಲ್ಲರೆದುರು ಹೊಗಳಿದರು. ವಾರ್ಡರನಿಗೆ ಸೊನ್ನೆ. ಪ್ರಶ್ನೆ ಕೇಳಿದ್ದು ಒಳ್ಳೆಯದು, ಉತ್ತರವನ್ನೂ ಬರೆಯಬೇಕಿತ್ತು ಎಂದರು.

ಜೈಲರ್ ಹೊಸ ಮುಖ್ಯ ವಾರ್ಡರನ ಬೆನ್ನು ತಟ್ಟಿ, ಸುತ್ತೋಲೆ ಸಿಕ್ಕಿದೆ, ಸೋಮವಾರದಿಂದ ಸಿಬ್ಬಂದಿಗೆಲ್ಲ ಹೊಸ ಕಾನೂನಿನ ಪಾಠ ನೀನೇ ಮಾಡಬೇಕು ಎಂದು ಅಪ್ಪಣೆ ಕೊಟ್ಟು ಹೋದರು. ಭಾವಮೈದುನನ ಮುಖ ಸುಣ್ಣ ಬಳಿದಂತಾಯಿತು. ಅವನು ವಾರ್ಡರನನ್ನು ಕಾರಿಡಾರಿನ ಮೂಲೆಗೆ ಎಳೆದುಕೊಂಡು ಹೋದ.

"ಭಾವ, ಹೊಸ ಕಾನೂನು ಯಾವಾಗ ಬಂತು?"

"ಮೂರು ತಿಂಗಳಾಯ್ತು," ಅಂದ ವಾರ್ಡರ್, ಬೆಳಗ್ಗೆ ಪೊಲೀಸಿನವನು ತನ್ನನ್ನು ನೋಡಿದ ಹಾಗೇ ಅವನನ್ನು ನೋಡುತ್ತ.

"ನಿಮಗೆ ಎಲ್ಲ ಬಾಯಿಪಾಠ ಬರುತ್ತಂತೆ, ಒಳಗಿನವರು ಹೇಳಿದ್ರು. ಸೋಮವಾರದೊಳಗೆ ನನಗೆ ಹೇಳಿಕೊಡಬೇಕು. ಇದು ಆಫೀಸಿನ ಕೆಲಸ, ಬೇಜಾರು ಮಾಡ್ಕೋಬೇಡಿ." ಅವನು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಳ್ಳಲು ಸಿದ್ಧನಾದ. "ವಂಚನೆಗೆ ಎಷ್ಟು?"

ಆಚೀಚೆ ನಾಲ್ಕು ಜನ ಸಿಬ್ಬಂದಿ ನಿಂತು ನೋಡುತ್ತಿದ್ದರು. ವಾರ್ಡರ್ ಟೋಪಿ ಸರಿಮಾಡಿಕೊಂಡ.

"ನೂರ ಅರವತ್ತಮೂರು," ಅಂದ. ಆ ನಾಲ್ವರತ್ತ ಒಮ್ಮೆ ನೋಡಿ, "ಸಾರ್," ಅಂದ.