ಯಾದಿಯ ಹನ್ನೊಂದನೆಯ ಕ್ಯಾಸೆಟ್ಟು

ತಂಬಾಕಿನ ಚಟ ಇದ್ದವನನ್ನು ಅವನ ಹಲ್ಲು ನೋಡಿ ಹೇಳಬಹುದು, ಇಸ್ಪೀಟಿನ ಚಟ ಇದ್ದವನನ್ನು ಅವನ ಹೆಂಡತಿಯ ಮುಖ ನೋಡಿ ಹೇಳಬಹುದು. ನನ್ನ ಚಟಕ್ಕೆ ಅಂಥ ಹೊರಗುರುತು ಇರಲಿಲ್ಲ. ನಾನು ನಂಬರು ಕೊಡುವವನು. ಉಪ್ಪಿಟ್ಟು ತಿಂದರೆ ಈ ತಿಂಗಳ ಉಪ್ಪಿಟ್ಟುಗಳಲ್ಲಿ ಇದು ಎಷ್ಟನೆಯದು ಎಂದು ಮನಸ್ಸಿನಲ್ಲೇ ಎಣಿಸುವವನು. ಮದುವೆಯಾದ ಹೊಸದರಲ್ಲಿ ಒಮ್ಮೆ ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. “ಇದು ಮೂರನೇದು” ಎಂದೆ. ನನ್ನ ಹೆಂಡತಿ ಶಾಂತಾ ಸವುಟು ಕೆಳಗಿಟ್ಟು, “ಹಂಗಾರ ಮೊದಲನೇದು, ಎರಡನೇದು ಮಾಡಿದಾಕಿ ಯಾರದಾಳ, ಅಕೀ ಕಡೇನ ಹೋಗಿ ಉಣ್ರಿ” ಎಂದಳು. ಮೂರನ್ನೂ ಮಾಡಿದವಳು ಅವಳೇ ಎಂದು ತಿಳಿಸಿ ಹೇಳುವಷ್ಟರಲ್ಲಿ ಆಫೀಸಿಗೆ ಹೊತ್ತಾಗಿತ್ತು. ಅವತ್ತಿನಿಂದ ಅಡಿಗೆಮನೆಯ ತಂಟೆಗೆ ಹೋಗದೆ ಕ್ಯಾಸೆಟ್ಟುಗಳಿಗೆ ಮಾತ್ರ ನಂಬರು ಕೊಡುತ್ತ ಬಂದೆ. ಅವು ತಿರುಗಿ ಮಾತಾಡುವುದಿಲ್ಲ ಎಂಬ ಧೈರ್ಯ. ಆ ತಿಳುವಳಿಕೆ ಎಷ್ಟು ತಪ್ಪಾಗಿತ್ತು ಎಂಬುದನ್ನು ಯಾರ ಮುಂದಾದರೂ ಹೇಳಿಕೊಳ್ಳಬೇಕು ಎಂದು ಬಹಳ ದಿನಗಳಿಂದ ಅನ್ನಿಸುತ್ತಿದೆ. ಶಾಂತಾಳಿಗೆ ಗೊತ್ತೇ ಇದೆ. ಆದ್ದರಿಂದ ನಿಮ್ಮ ಮುಂದೆ.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಸೊಲ್ಲಾಪುರದಲ್ಲಿ ನನ್ನಂಥ ಗುಮಾಸ್ತನಿಗೆ ಇದ್ದ ಒಂದೇ ಐಶ್ವರ್ಯವೆಂದರೆ ಕ್ಯಾಸೆಟ್ಟು. ನವೀಪೇಠೆಯಲ್ಲಿ ಬಾಬುಶೇಠ ಎಂಬವರ ಅಂಗಡಿಯಿತ್ತು. ಆಫೀಸು ಬಿಟ್ಟ ಮೇಲೆ ನನ್ನ ಸೈಕಲ್ಲು ನಾನು ಹೇಳದೆಯೇ ಅತ್ತ ತಿರುಗುತ್ತಿತ್ತು. ವರ್ಷವಿಡೀ ಬಂದದ್ದನ್ನೆಲ್ಲ ಕೇಳಿ, ಡಿಸೆಂಬರಿನ ಕೊನೆಗೆ ಆ ವರ್ಷದ ಹತ್ತು ಉತ್ತಮ ಕ್ಯಾಸೆಟ್ಟುಗಳ ಯಾದಿ ಮಾಡುತ್ತಿದ್ದೆ. ಮೊದಮೊದಲು ಡೈರಿಯ ಹಿಂದಿನ ಹಾಳೆಯಲ್ಲಿ ಇರುತ್ತಿದ್ದ ಆ ಯಾದಿಯನ್ನು ಬಾಬುಶೇಠರು ಒಮ್ಮೆ ನೋಡಿ, “ಸಾಹೇಬ, ಇದನ್ನ ಕಾಚಿನ ಮ್ಯಾಲ ಚಿಕಟಸೂಣು, ಗಿರ್ಹಾಯಿಕರು ಓದ್ತಾರ” ಎಂದರು. ಮುಂದಿನ ವರ್ಷದಿಂದ ಅದು ಅಂಗಡಿಯ ಗಾಜಿನ ಬಾಗಿಲಿಗೆ ಬಂತು. ಹಿಂದಿ, ಮರಾಠಿ, ಕನ್ನಡ, ಬಡಾಖ್ಯಾಲು, ಭಾವಗೀತೆ, ಭಜನೆ ಎಲ್ಲವೂ ಒಂದೇ ತಕ್ಕಡಿಯಲ್ಲಿ. ಪ್ರತಿಯೊಂದರ ಮುಂದೆ ಒಂದು ಸಾಲಿನ ಷರಾ. ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಪ್ರತಿಜ್ಞೆ: “ಪ್ರತಿ ಕ್ಯಾಸೆಟ್ಟನ್ನು ಎರಡೂ ಬದಿ ಮೂರು ಸಲ ಕೇಳಿದ ಮೇಲೆಯೇ ನಂಬರು ಕೊಡಲಾಗಿದೆ.” ಅದರ ಕೆಳಗೆ ಸಹಿ. ಆಫೀಸಿನಲ್ಲಿ ಹತ್ತು ವರ್ಷ ‘ಸಾಹೇಬರ ಸಹಿಗಾಗಿ’ ಎಂದು ಕಾಗದ ಮುಂದೆ ತಳ್ಳಿದವನಿಗೆ ಸ್ವಂತ ಸಹಿ ಗಾಜಿನ ಮೇಲೆ ಹೊಳೆಯುವುದನ್ನು ನೋಡುವ ಸುಖ ಎಂಥದ್ದು ಎಂದು ಬೇರೆಯವರಿಗೆ ತಿಳಿಯಲಾರದು. ಕಾಯಿಪಲ್ಯೆ ತರುವ ನೆವದಿಂದ ಶಾಂತಾಳನ್ನು ಆ ದಾರಿಯಲ್ಲೇ ಕರೆದುಕೊಂಡು ಹೋಗುತ್ತಿದ್ದೆ. “ನೋಡೀನ್ರಿ. ಹ್ವಾದ ವಾರನೂ ನೋಡೀನಿ” ಎನ್ನುತ್ತಿದ್ದಳು ಅವಳು, ಕತ್ತು ಸಹ ತಿರುಗಿಸದೆ.

ಯಾದಿಯನ್ನು ನಾನು ಎರಡು ಪ್ರತಿ ಬರೆಯುತ್ತಿದ್ದೆ, ಒಂದು ಮರಾಠಿಯಲ್ಲಿ, ಇನ್ನೊಂದು ಕನ್ನಡದಲ್ಲಿ. ಕನ್ನಡದ್ದಕ್ಕೆ ಬಾಬುಶೇಠರ ತಕರಾರಿತ್ತು. “ಮನ್ಯಾಗ ಮಾತಾಡ್ತಾರ, ಖರೆ. ಓದಾವ್ರು ಯಾರದಾರ್ರಿ ಸಾಹೇಬ? ಜಾಗಾ ಫುಕಟ ಹೋಗ್ತದ” ಎನ್ನುತ್ತಿದ್ದರು. ಅವರ ಮಾತು ಸುಳ್ಳಲ್ಲ. ನನ್ನ ಕನ್ನಡ ಯಾದಿಗೆ ಇದ್ದವನು ಒಬ್ಬನೇ ಓದುಗ, ಸಿದ್ರಾಮಪ್ಪ. ಮೈಂದರ್ಗಿಯ ಒಕ್ಕಲಿಗ. ಹೊಲದ ಉತಾರಾ, ಅಂದರೆ ಪಹಣಿ, ತೆಗೆಸಲು ನಮ್ಮ ಆಫೀಸಿಗೆ ಬಂದವನು ಸರತಿಯಲ್ಲಿ ನಿಂತು ಏನೋ ಗುನುಗುತ್ತಿದ್ದ. ಆ ಸ್ವರ ಎಷ್ಟು ನೆಟ್ಟಗಿತ್ತೆಂದರೆ ಗುಮಾಸ್ತನ ಧರ್ಮವನ್ನೂ ಮರೆತು ನಾನು ತಲೆಯೆತ್ತಿ ನೋಡಿದೆ. ಅವನ ಕೆಲಸ ಅವತ್ತೇ ಆಗಿಹೋಯಿತು. ನಮ್ಮ ಆಫೀಸಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಅಂದಿನಿಂದ ಅವನು ನನಗೆ ಸ್ನೇಹಿತ, ನಾನು ಅವನಿಗೆ ಅಣ್ಣಾವ್ರು. ಅವನ ಊರಿನ ಮಠದಲ್ಲಿ ಪ್ರತಿ ಅಮಾವಾಸ್ಯೆಗೆ ಭಜನೆ, ಇವನು ತತ್ವಪದ ಹಾಡುವವನು, ಹಾರ್ಮೋನಿಯಂ ಪೇಟಿ ಬಾರಿಸಲು ಕಾಶಿನಾಥ ಎಂಬ ಜೊತೆಗಾರ. ಎಳ್ಳಮಾವಾಸ್ಯೆಗೆ ನನ್ನನ್ನೂ ಶಾಂತಾಳನ್ನೂ ಹೊಲಕ್ಕೆ ಕರೆದು, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬಂದು, ಭಜ್ಜಿ ರೊಟ್ಟಿ ಉಣಿಸುತ್ತಿದ್ದ. ಊಟವಾದ ಮೇಲೆ ಜೋಳದ ಬೆಳೆಯ ನಡುವೆ ಕೂತು ಹಾಡುತ್ತಿದ್ದ. ಹೊಸ ವರ್ಷ ಹುಟ್ಟಿದ ಮೊದಲ ರವಿವಾರ ಕಾಶಿನಾಥನನ್ನು ಕರೆದುಕೊಂಡು ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಬರುವುದು, ಗಾಜಿನ ಮುಂದೆ ನಿಂತು ಟೊಪ್ಪಿಗೆ ಸರಿಮಾಡಿಕೊಂಡು ನನ್ನ ಯಾದಿಯನ್ನು ಒಂದರಿಂದ ಹತ್ತರವರೆಗೆ ದೊಡ್ಡ ದನಿಯಲ್ಲಿ ಓದುವುದು, ಇದು ಅವನ ವಾಡಿಕೆ. ಪುರಾಣ ಓದಿದ ಹಾಗೆ ಓದುತ್ತಿದ್ದ. ಪಕ್ಕದಲ್ಲಿ ನಿಂತ ನನಗೆ ನನ್ನ ಷರಾಗಳು ಅವನ ಬಾಯಲ್ಲಿ ಇನ್ನೂ ಗಂಭೀರವಾಗಿ ಕೇಳುತ್ತಿದ್ದವು.

ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ಸಿದ್ರಾಮಪ್ಪ ಒಂದು ಚೀಲ ಸೀತನಿ ಹಿಡಿದುಕೊಂಡು ಮನೆಗೆ ಬಂದ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ ಸೀತನಿ ಎಂದರೆ ಶಾಂತಾಳಿಗೆ ಜೀವ. ಅವಳು ಚೀಲ ಒಳಗೆ ಒಯ್ದ ಮೇಲೆ ಅವನು ಅಂಗಿಯ ಕಿಸೆಯಿಂದ ಒಂದು ಕ್ಯಾಸೆಟ್ಟು ತೆಗೆದು, ಲಗ್ನಪತ್ರಿಕೆ ಕೊಡುವವರ ಹಾಗೆ ಎರಡೂ ಕೈಯಿಂದ ನನ್ನ ಮುಂದೆ ಇಟ್ಟ. ಅಕ್ಕಲಕೋಟದಲ್ಲಿ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವವನೊಬ್ಬ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗು ಸುರುಮಾಡಿದ್ದನಂತೆ. ಅಲ್ಲಿ ಕೂತು ಮಂಡಳಿಯವರೆಲ್ಲ ಹಾಡಿ ಬಂದಿದ್ದರು. “ಹಂಗ ಸುಮ್ಮ ಮಾಡೀವ್ರಿ ಅಣ್ಣಾವ್ರ. ನಿಮಗ ಟೈಮ್ ಸಿಕ್ಕಾಗ ಕೇಳ್ರಿ” ಎಂದ. ಮಾತಿನಲ್ಲಿ ‘ಸುಮ್ಮ’ ಇತ್ತು, ಕಣ್ಣಿನಲ್ಲಿ ಇರಲಿಲ್ಲ. ಯಾದಿಯ ಮಾತನ್ನು ಅವನು ಎತ್ತಲಿಲ್ಲ. ಚಹಾ ಕುಡಿದು ಹೊರಟುಹೋದ.

ಯಾದಿ ಹಚ್ಚಲು ಇನ್ನು ಎರಡೇ ದಿನ ಇತ್ತು. ಹತ್ತೂ ನಂಬರು ತುಂಬಿದ್ದವು. ಮರುದಿನ ಬೆಳಿಗ್ಗೆ ದಾಡಿ ಮಾಡಿಕೊಳ್ಳುತ್ತ ಆ ಕ್ಯಾಸೆಟ್ಟು ಹಾಕಿದೆ. ಪೇಟಿ ಒಂದು ಕಡೆ, ತಬಲಾ ಇನ್ನೊಂದು ಕಡೆ, ಸಿದ್ರಾಮಪ್ಪನ ದನಿ ಬಾವಿಯೊಳಗಿಂದ ಬಂದ ಹಾಗೆ. ಎರಡನೆಯ ಪದದ ನಟ್ಟನಡುವೆ ಒಂದು ಕೋಳಿ ಕೂಗಿತು. ಸ್ಪಷ್ಟವಾಗಿ, ಮೈಕಿನ ಹತ್ತಿರವೇ ಕೂತು ಕೂಗಿತು. ನನಗೆ ನಗು ತಡೆಯಲಾಗದೆ ಗದ್ದ ಕೊಯ್ದುಕೊಂಡೆ. ಟೇಪು ಬಂದ್ ಮಾಡಿ, ಗದ್ದಕ್ಕೆ ಪಟಿಕ ಹಚ್ಚಿಕೊಂಡು ಆಫೀಸಿಗೆ ಹೋದೆ. ಇಡೀ ದಿನ ನನ್ನ ಮನಸ್ಸಿನಲ್ಲಿ ಇದ್ದದ್ದು ಸಿದ್ರಾಮಪ್ಪನ ಹಾಡಲ್ಲ, ಆ ಕೋಳಿಯ ಬಗ್ಗೆ ನಾನು ಬರೆಯಬಹುದಾದ ಷರಾ. ಬುದ್ಧಿವಂತಿಕೆಯ ಒಂದು ಸಾಲು ತಲೆಗೆ ಬಂದರೆ ನನ್ನಂಥವನಿಗೆ ಅದನ್ನು ನುಂಗುವುದು ಆಗುವುದಿಲ್ಲ. ಸ್ನೇಹಿತನೆಂದು ಹತ್ತರೊಳಗೆ ಸೇರಿಸಿದರೆ ನಿಷ್ಪಕ್ಷಪಾತಕ್ಕೆ ಧಕ್ಕೆ, ಬಿಟ್ಟರೆ ಸ್ನೇಹಕ್ಕೆ ಧಕ್ಕೆ ಎಂದು ಯೋಚಿಸಿ, ಎರಡನ್ನೂ ಉಳಿಸಿದೆನೆಂಬ ಹೆಮ್ಮೆಯಿಂದ ಹತ್ತರ ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದೆ: “ಹನ್ನೊಂದು. ಮೈಂದರ್ಗಿ ಭಜನಾ ಮಂಡಳಿ. ಪ್ರೋತ್ಸಾಹಕ್ಕಾಗಿ. ಕೋಳಿ ಶ್ರುತಿಯಲ್ಲಿದೆ.” ಅದರ ಕೆಳಗೆ ವಾಡಿಕೆಯಂತೆ ಕೆಂಪು ಶಾಯಿಯ ಪ್ರತಿಜ್ಞೆ ಮತ್ತು ಸಹಿ. ಮರಾಠಿ ಪ್ರತಿಯನ್ನು ಓದಿ ಬಾಬುಶೇಠರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಯಲ್ಲಿ ಶಾಂತಾ ಮಾತ್ರ ನಗಲಿಲ್ಲ. “ಅವರ ಸೀತನಿ ಇನ್ನಾ ಡಬ್ಬ್ಯಾಗ ಅದಾವ್ರಿ” ಎಂದಳು. ಅಷ್ಟೇ ಅಂದಳು.

ರವಿವಾರ ಸಿದ್ರಾಮಪ್ಪನೂ ಕಾಶಿನಾಥನೂ ಬಂದರು. ಸಿದ್ರಾಮಪ್ಪ ಹೊಸ ಧೋತರ ಉಟ್ಟಿದ್ದ. ಗಾಜಿನ ಮುಂದೆ ನಿಂತು ಟೊಪ್ಪಿಗೆ ಸರಿಮಾಡಿಕೊಂಡು ಓದತೊಡಗಿದ. ಹತ್ತು ಮುಗಿದಾಗ ದನಿ ಒಂದು ಮೆಟ್ಟಿಲು ಇಳಿದದ್ದು ನನಗೆ ತಿಳಿಯಿತು. ಆಮೇಲೆ ಹನ್ನೊಂದು ಕಣ್ಣಿಗೆ ಬಿದ್ದು ಮತ್ತೆ ಏರಿತು. ತನ್ನ ಮಂಡಳಿಯ ಹೆಸರನ್ನು ದೊಡ್ಡದಾಗಿ ಓದಿದ. ಒಮ್ಮೆ ಸುರುಮಾಡಿದ ಮೇಲೆ ನಡುವೆ ನಿಲ್ಲಿಸುವುದು ಅವನ ಪದ್ಧತಿಯಲ್ಲ. ಆದ್ದರಿಂದ ಕೋಳಿಯನ್ನೂ ಓದಿದ. ಅಂಗಡಿಯಲ್ಲಿದ್ದವರು ನಕ್ಕರು. ಅವನೂ ನಕ್ಕ. “ಕೋಳಿ ಆ ಲೌಡ್‌ಸ್ಪೀಕರ್‌ದವನ ಮನೀದ್ರಿ ಅಣ್ಣಾವ್ರ. ಹೋಗ್ಲಿ, ಅದಕ್ಕರ ಶ್ರುತಿ ಕೂಡ್ತು” ಎಂದ. ಕೆಂಪು ಶಾಯಿಯ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, “ಪೂರಾ ಕೇಳಿದ್ರೇನ್ರಿ, ಕಡೀತನಕ?”

“ಮೂರು ಸಲ” ಎಂದೆ.

ಅವನು ತಲೆಯಾಡಿಸಿದ. ಕಾಶಿನಾಥ ಅವನ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಬಸ್ಸಿಗೆ ಹೊತ್ತಾಯಿತು ಎಂದು ಇಬ್ಬರೂ ಚಹಾ ಕುಡಿಯದೆ ಹೋದರು.

ಜಗಳವಾಗಿದ್ದರೆ ಒಂದು ರೀತಿಯಲ್ಲಿ ಚೆನ್ನಾಗಿತ್ತು, ರಾಜಿಗೆ ದಾರಿ ಇರುತ್ತಿತ್ತು. ಆ ಸಲ ಎಳ್ಳಮಾವಾಸ್ಯೆಗೆ ಕರೆ ಬರಲಿಲ್ಲ. ಅವರ ಮನೆಯಲ್ಲಿ ಏನೋ ಅಡಚಣೆ ಇರಬೇಕು ಎಂದೆ ಶಾಂತಾಳಿಗೆ. ಅವಳು ಸೀತನಿಯ ಖಾಲಿ ಡಬ್ಬಿ ತೊಳೆದು ಬಿಸಿಲಿಗಿಟ್ಟಳು. ಮುಂದಿನ ಚಳಿಗಾಲದಲ್ಲಿ ಯಾರದೋ ಕೈಯಲ್ಲಿ ಸೀತನಿ ಕಳಿಸಿದ, ತಾನು ಬರಲಿಲ್ಲ. ಅದರ ಮುಂದಿನ ವರ್ಷ ಸೀತನಿಯೂ ಬರಲಿಲ್ಲ. ಹೊಸ ವರ್ಷದ ಮೊದಲ ರವಿವಾರ ನಾನು ಗಾಜಿನ ಮುಂದೆ ಒಬ್ಬನೇ ನಿಂತು ನನ್ನ ಕನ್ನಡ ಯಾದಿಯನ್ನು ನಾನೇ ಮನಸ್ಸಿನಲ್ಲಿ ಓದಿಕೊಂಡೆ. ಏನೂ ಸ್ವಾರಸ್ಯವಿರಲಿಲ್ಲ. ಮೈಂದರ್ಗಿಗೆ ಬಸ್ಸುಗಳಿಗೇನು ಬರವಿರಲಿಲ್ಲ. ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋದಾಗಲೆಲ್ಲ ಇನ್ನೊಂದು ಬಸ್ಸು ಹತ್ತಿ ಹೋಗಿಬಿಡೋಣವೆಂದು ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆ. ಹೋಗಿ ಏನು ಹೇಳುವುದು? ಸೊಲ್ಲಾಪುರದ ಬಸ್ಸು ಬಂದ ಕೂಡಲೇ ಹತ್ತಿ ಕೂತುಬಿಡುತ್ತಿದ್ದೆ.

ಮೂರನೆಯ ವರ್ಷ, ದೀಪಾವಳಿ ಮುಗಿದ ಮೇಲಿನ ಒಂದು ಮಧ್ಯಾಹ್ನ, ಕಾಶಿನಾಥ ಒಬ್ಬನೇ ನಮ್ಮ ಮನೆಗೆ ಬಂದ. ನಿಂತೇ ಇದ್ದ, ಕೂಡಲಿಲ್ಲ. “ಸಿದ್ರಾಮ ಹೋದನ್ರಿ ಸಾಹೇಬ್ರ. ತಿಂಗಳಾತು. ಎದೀ ಬ್ಯಾನಿ” ಎಂದ. ಶಾಂತಾ ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತಳು. “ನನಗ ಯಾರೂ ತಿಳಿಸಲಿಲ್ಲಲ್ಲಾ” ಎಂದೆ. ಸತ್ತವನ ಸುದ್ದಿ ಕೇಳಿದಾಗಲೂ ನನ್ನ ಮಾನದ ಲೆಕ್ಕವೇ ಮೊದಲು ಬಾಯಿಗೆ ಬಂತು. ಕಾಶಿನಾಥ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವನು ಬಂದ ಕೆಲಸ ಬೇರೆ ಇತ್ತು. ಸಿದ್ರಾಮಪ್ಪನ ಮನೆಯಲ್ಲಿದ್ದ ಕ್ಯಾಸೆಟ್ಟು ಹಚ್ಚಿ ಹಚ್ಚಿ ಮಷೀನಿನಲ್ಲಿ ಸಿಕ್ಕು ಹರಿದುಹೋಗಿತ್ತು. ಲೌಡ್‌ಸ್ಪೀಕರಿನವನು ಮೂಲ ಟೇಪಿನ ಮೇಲೆ ಯಾರದೋ ಲಗ್ನದ ಬ್ಯಾಂಡು ತುಂಬಿಸಿಬಿಟ್ಟಿದ್ದ. “ಅವನ ದನಿ ಈಗ ಎಲ್ಲೂ ಉಳಿದಿಲ್ರಿ. ನೀವು ಏನೂ ಒಗ್ಯಾಂಗಿಲ್ಲ ಅಂತ ಅವನ ಹೆಣತಿ ಅಂದಳು. ಅದಕ್ಕ ಬಂದೀನಿ” ಎಂದ.

ನಾನು ಎಸೆದಿರಲಿಲ್ಲ. ಕಪಾಟಿನ ಕೆಳಗಿನ ಸಾಲಿನಲ್ಲಿ, ಆ ವರ್ಷದ ಹತ್ತನೆಯದರ ಪಕ್ಕದಲ್ಲೇ ಇತ್ತು. ಧೂಳು ಒರೆಸಿ ಕೊಟ್ಟೆ. ಕಾಶಿನಾಥ ಅದನ್ನು ಕಿಡಕಿಯ ಬೆಳಕಿಗೆ ಹಿಡಿದು ನೋಡಿದ. ಅದರ ಪಾರದರ್ಶಕ ಕಂಡಿಯಲ್ಲಿ ಒಂದು ಕಡೆ ಟೇಪಿನ ಸುರುಳಿ ದಪ್ಪಗಿತ್ತು, ಇನ್ನೊಂದು ಕಡೆ ಉಗುರಿನಷ್ಟು ತೆಳ್ಳಗೆ. ನಾನು ದಾಡಿ ಮಾಡಿಕೊಳ್ಳುತ್ತ ಎಲ್ಲಿ ನಿಲ್ಲಿಸಿದ್ದೆನೋ ಅಲ್ಲೇ, ಮೂರು ವರ್ಷದಿಂದ ನಿಂತಿತ್ತು.

“ಎರಡ ಪದಾನೂ ಪೂರಾ ಆಗಿಲ್ಲ” ಎಂದ ಕಾಶಿನಾಥ. ದನಿಯಲ್ಲಿ ಸಿಟ್ಟಿರಲಿಲ್ಲ.

ಶಾಂತಾ ಮುಂದೆ ಬಂದು ಅವನ ಕೈಯಿಂದ ಕ್ಯಾಸೆಟ್ಟು ತೆಗೆದುಕೊಂಡಳು. ತಾನೇ ಹಿಂದಕ್ಕೆ ಸುತ್ತಿಸಿ, ಮಷೀನಿಗೆ ಹಾಕಿ, ನೆಲದ ಮೇಲೆ ಕೂತಳು. “ಕೂಡ್ರಿ ಇಬ್ರೂ” ಎಂದಳು. ಕೂತೆವು. ಕೋಳಿ ಕೂಗಿತು, ಯಾರೂ ನಗಲಿಲ್ಲ. ಕೋಳಿಯ ನಂತರ ದನಿ ತೆರೆದುಕೊಂಡಿತು. ಬಾವಿಯೊಳಗಿನಿಂದ ಬರುತ್ತಿದೆ ಎಂದುಕೊಂಡದ್ದು ಮೊದಲೆರಡು ಪದಗಳ ಅಂಜಿಕೆ ಅಷ್ಟೇ. ಎರಡನೆಯ ಬದಿಯಲ್ಲಿ ಪೇಟಿ, ತಬಲಾ ಎಲ್ಲ ಬಿಟ್ಟು ಅವನೊಬ್ಬನೇ ಹಾಡಿದ ಒಂದು ಪದವಿತ್ತು. ಆ ಹೊಲದಲ್ಲಿ ಊಟವಾದ ಮೇಲೆ ಹಾಡುತ್ತಿದ್ದನಲ್ಲ, ಆ ದನಿ. ನನಗೆ ಅಳು ಬಂತು. ಎಷ್ಟನೆಯ ನಂಬರು ಎಂದು ಜೀವನದಲ್ಲಿ ಮೊದಲ ಸಲ ಹೊಳೆಯಲಿಲ್ಲ.

ಕೊನೆಯ ಪದ ಮುಗಿಯಿತು. ನಾನು ಬಂದ್ ಮಾಡಲು ಏಳಹೋದೆ. ಕಾಶಿನಾಥ ಕೈ ಅಡ್ಡ ಹಿಡಿದು, “ಇನ್ನಾ ಅದರಿ” ಎಂದ. ಸ್ವಲ್ಪ ಹೊತ್ತು ಬರೀ ಸರಸರ. ಆಮೇಲೆ ಕಾಶಿನಾಥನದೇ ದನಿ: “ಹುಶ್ಶ್, ಮುಗೀತು ನೋಡು. ಸೊಲ್ಲಾಪುರದವ್ರು ಎಷ್ಟನೇ ನಂಬರ್ ಕೊಡ್ತಾರೋ ಸಿದ್ರಾಮ?” ಅದಕ್ಕೆ ಸಿದ್ರಾಮಪ್ಪ ನಗುತ್ತ, “ನಂಬರ್ ತೊಗೊಂಡು ಏನ್ ಮಾಡೂದೈತೋ. ಅಣ್ಣಾವ್ರು ಕಡೀತನಕ ಕೇಳಿದ್ರ ಸಾಕು” ಎಂದ. ಮತ್ಯಾರೋ, “ಏ, ಇನ್ನಾ ಚಾಲೂನ ಅದ, ಬಂದ್ ಮಾಡೋ” ಎಂದರು. ಟಕ್ ಎಂದಿತು.

ಕಾಶಿನಾಥ ನೆಲ ನೋಡುತ್ತ ಹೇಳಿದ. “ಅದನ್ನ ಅಳಿಸ್ತೀನಿ ಅಂದಿದ್ದರಿ ಲೌಡ್‌ಸ್ಪೀಕರ್‌ದಾವ. ಸಿದ್ರಾಮನ ಬ್ಯಾಡ ಅಂದ. ಇರ್ಲಿ ಬಿಡು, ಅಣ್ಣಾವ್ರು ಕೇಳಿ ನಮ್ಮನ್ನ ಕಾಡ್ಲಿ, ಒಂದೀಟು ಮಜಾ ಅಂದ. ಆ ರವಿವಾರ ಬಸ್ಸಿನ್ಯಾಗ, ಅಣ್ಣಾವ್ರು ಆ ಮಾತು ತಗೀಲೇ ಇಲ್ಲ ನೋಡೋ ಕಾಶಿ, ಅಂದ. ಅಷ್ಟರಿ.” ಕ್ಯಾಸೆಟ್ಟನ್ನು ಅಂಗವಸ್ತ್ರದಲ್ಲಿ ಸುತ್ತಿಕೊಂಡು ಎದ್ದ. ನಾನು ಕೈ ಮುಗಿದೆ. ತಪ್ಪಾಯಿತು ಎಂದು ಯಾರಿಗೆ ಹೇಳಬೇಕಾಗಿತ್ತೋ ಅವನು ಇದ್ದದ್ದು ಆ ಅಂಗವಸ್ತ್ರದೊಳಗೆ.

ಡಿಸೆಂಬರು ಬಂತು. ಬಾಬುಶೇಠರು ರೂಢಿಯಂತೆ, “ಸಾಹೇಬ, ಯಾದಿ?” ಎಂದರು. ಇನ್ನು ಮಾಡುವುದಿಲ್ಲ ಎಂದು ಹೇಳಿಯೇ ಮನೆಯಿಂದ ಹೊರಟಿದ್ದೆ. ಆದರೆ ಚಟ ಎಂದೆನಲ್ಲ. ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಒಂದು, ಎರಡೂ ಬರೆದುಕೊಟ್ಟೆ. ಕೆಂಪು ಶಾಯಿಯ ಪ್ರತಿಜ್ಞೆಯನ್ನು ಮಾತ್ರ ಬಿಟ್ಟೆ. ಕನ್ನಡದ ಪ್ರತಿಯಲ್ಲಿ ಹತ್ತರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಹನ್ನೊಂದು ಎಂದು ಹಾಕಿ, ಅದರ ಮುಂದೆ ಕ್ಯಾಸೆಟ್ಟಿನ ಹೆಸರಿನ ಬದಲು ‘ಸೊಲ್ಲಾಪುರದ ಕೇಳುಗ’ ಎಂದು ನನ್ನ ಹೆಸರನ್ನೇ ಬರೆದು, ‘ಪ್ರೋತ್ಸಾಹಕ್ಕಾಗಿ’ ಎಂದು ಷರಾ ಹಾಕಿದೆ. ಸಂಕ್ರಾಂತಿ ಮುಗಿಯುವವರೆಗೂ ಅದು ಗಾಜಿನ ಮೇಲೆ ಇತ್ತು. ಕನ್ನಡದಲ್ಲಿತ್ತು. ಯಾರೂ ಓದಲಿಲ್ಲ.