ಜಗದೇವಪ್ಪನವರ ಸ್ಕೂಟರಿನ ಚಟ

ಸ್ಕೂಟರು ಆವರೇಜು ಕೊಡುತ್ತಿಲ್ಲವೆಂಬುದು ಜಗದೇವಪ್ಪನವರ ಗಮನಕ್ಕೆ ಬಂದ ದಿನವೇ ಅದರ ಕಾರಣವೂ ಅವರಿಗೆ ಗೊತ್ತಾಗಿಬಿಟ್ಟಿತು. ಕಾರಣ ಆಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿತ್ತು.

"ಮೊದಲ ಟಾಕಿ ತುಂಬಿಸಿದ್ರ ವಾರ ಪೂರಾ ಗೊಬ್ಬೂರ ಹೊಲಕ್ಕ ಹೋಗಿ ಬರ್ತಿದ್ದೆ. ಈಗ ಶನಿವಾರನೇ ಉಸಿರು ಬಿಡ್ತದ," ಎಂದರು, ಬಾಗಿಲಲ್ಲಿ ನಿಂತು.

"ಹಂಗಾದ್ರ ಇನ್ನಷ್ಟು ಪೆಟ್ರೋಲ್ ಹಾಕಸ್ರಿ," ಎಂದಿತು ಕಾರಣ, ಅಂದರೆ ಅವರ ಧರ್ಮಪತ್ನಿ ಸುಭದ್ರಾಬಾಯಿ.

"ಪೆಟ್ರೋಲಿನ ಮಾತಲ್ಲ ಸುಭದ್ರಾ. ನಾ ಹೇಳಾಕತ್ತಿದ್ದು ಹಿಂದಿನ ಸೀಟಿನ ಮಾತು."

ರೊಟ್ಟಿ ಬಡಿಯುವ ಸದ್ದು ನಿಂತಿತು. (ಇಂಥ ಹೊತ್ತಿನಲ್ಲಿ ಅಫಜಲಪುರದ ತಿಳಿವಳಿಕೆಯುಳ್ಳ ಗಂಡಸರು ಚಪ್ಪಲಿ ಹುಡುಕುತ್ತಾರೆ. ಜಗದೇವಪ್ಪನವರು ನಿಂತೇ ಇದ್ದರು.)

"ಅಂದ್ರ? ನಾ ದಪ್ಪಾಗೀನಿ ಅಂತೀರಿ?"

"ದಪ್ಪ ಅಂತ ಎಲ್ಲಿ ಅಂದೆ? ಭಾರ ಅಂದೆ."

ಜಗದೇವಪ್ಪನವರು ಜೇವರ್ಗಿಯ ತಹಶೀಲ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಈಗ ಓಣಿಯ ಮದ್ಯವಿರೋಧಿ ಸಮಿತಿಯ ಅಧ್ಯಕ್ಷರು. ಮನೆಯ ಹೊಸ್ತಿಲೊಳಗೆ ಇಂದಿನವರೆಗೆ ಒಂದು ಹನಿ ಮದ್ಯ ಬಂದಿಲ್ಲವೆಂಬುದು ಅವರ ಭಾಷಣದ ಮೊದಲ ವಾಕ್ಯ. ಹಲವು ಸಲ ಕೊನೆಯ ವಾಕ್ಯವೂ ಅದೇ. ದ್ರಾಕ್ಷಿ ಹುಳಿ ವಾಸನೆ ಬಂದರೆ ಬುಟ್ಟಿ ಸಮೇತ ಹೊರಗಿಡಿಸುವರು. ಅವರಿಗಿದ್ದ ಅಭ್ಯಾಸವೆಂದರೆ ಊಟವಾದ ಮೇಲೆ ಎರಡು ಚಮಚ ಆಯುರ್ವೇದದ ದ್ರಾಕ್ಷಾರಿಷ್ಟ. ಅದು ಒಳಗೆ ಹೋದರೆ ಅನ್ನ ಕರಗುತ್ತದೆ, ಮನಸ್ಸಿಗೆ ಸಮಾಧಾನ ಬರುತ್ತದೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಸ್ಕೂಟರಿಗೆ ಪ್ರತಿ ಸೋಮವಾರ ವಿಭೂತಿ.

ಮೊಮ್ಮಗಳು ಸೃಷ್ಟಿ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಒಂಬತ್ತನೆಯ ತರಗತಿಯ ಹುಡುಗಿ. ಅವಳಿಗೆ ವಿಜ್ಞಾನ ಕಲಿಸುವ ಶೈಲಶ್ರೀ ಮೇಡಂ ಒಂದು ವಿಚಿತ್ರ ಹೆಂಗಸು. ಮಕ್ಕಳು ಏನು ಹೇಳಿದರೂ ಸರಿ ಅನ್ನುವುದಿಲ್ಲ, ತಪ್ಪೂ ಅನ್ನುವುದಿಲ್ಲ. "ಹೆಂಗ ಗೊತ್ತಾತು?" ಎಂದಷ್ಟೇ ಕೇಳಿ ಸುಮ್ಮನಾಗುತ್ತಾರೆ. ಇಂಥ ಶಿಕ್ಷಕಿಯರು ತಾಲೂಕಿಗೊಬ್ಬರು ಇದ್ದರೆ ಸಾಕು. ಮನೆಗೊಬ್ಬರಂತೆ ಅವರ ಶಿಷ್ಯರಿದ್ದರೆ ಮಾತ್ರ ಮುದುಕರಿಗೆ ಕಷ್ಟ.

"ಮುತ್ಯಾ, ಆಯಿ ಭಾರದಿಂದನೇ ಅಂತ ಹೆಂಗ ಗೊತ್ತಾತು?"

"ಗೊತ್ತಾಗೂದೇನದ? ಕಣ್ಣಿಗೆ ಕಾಣ್ತದ."

"ಒಂದು ವಾರ ಆಯಿನ ಕುಂದರಿಸ್ಕೋಬ್ಯಾಡ್ರಿ. ಉಳದದ್ದೆಲ್ಲ ಹಂಗೇ ಇರ್ಲಿ, ಅದೇ ದಾರಿ, ಅದೇ ಪೆಟ್ರೋಲು. ಆವರೇಜು ಬಂದ್ರ ಆಯಿದೇ ತಪ್ಪು. ಬರಲಿಲ್ಲಂದ್ರ ನೀವು ಮಾಫಿ ಕೇಳಬೇಕು."

ನ್ಯಾಯ ತಮ್ಮ ಕಡೆಗಿದೆಯೆಂಬ ಭರವಸೆಯಲ್ಲಿ ಜಗದೇವಪ್ಪನವರು ಒಪ್ಪಿದರು. ಸುಭದ್ರಾಬಾಯಿ ಆ ವಾರ ಘತ್ತರಗಿ ಭಾಗ್ಯವಂತಿಯ ದರ್ಶನಕ್ಕೂ ಬಸ್ಸಿನಲ್ಲಿ ಹೋಗಿ ಬಂದರು. ಶನಿವಾರ ಸಂಜೆ ಜಗದೇವಪ್ಪನವರು ಸ್ಕೂಟರನ್ನು ತಳ್ಳಿಕೊಂಡು ಓಣಿಗೆ ಬಂದಾಗ ಆಕೆ ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದರು.

"ಹಿಂದಿನ ಸೀಟು ಖಾಲಿ ಅದಲ್ರಿ? ಜರಾ ಬಗ್ಗಿ ನೋಡ್ರಿ, ನಾ ಎಲ್ಲ್ಯರ ಕುಂತೀನೇನು!"

ಮಾಫಿ ಕೇಳುವುದು ಅವರಿಗೆ ಅಭ್ಯಾಸವಿರಲಿಲ್ಲ. ಬಹಳ ಹೊತ್ತು ಮುಖ ಒರೆಸಿಕೊಂಡು, "ಸದರಿ ಆರೋಪವನ್ನು ಕೈಬಿಡಲಾಗಿದೆ," ಎಂದರು. ಕೂಡಲೇ ಹೊಸ ಆರೋಪಿಗಳೂ ಸಿಕ್ಕರು. "ಪಂಪಿನಾವ್ರು ಪೆಟ್ರೋಲಿನಾಗ ನೀರು ಹಾಕ್ತಾರ."

"ಹೆಂಗ ಗೊತ್ತಾತು, ಮುತ್ಯಾ?"

ಸೋಮವಾರ ಸಂಜೆ, ಟಾಕಿ ಮತ್ತೆ ತುಂಬಿಸಿದ ಮೇಲೆ, ಅಂಗಳದಲ್ಲಿ ಪರೀಕ್ಷೆ. ಪೆಟ್ರೋಲು ಮುಟ್ಟುವಾಗ ಹೊರಗೆ ಇರಬೇಕು, ಹತ್ತಿರ ದೊಡ್ಡವರಿರಬೇಕು, ಬೆಂಕಿ ದೂರವಿರಬೇಕು ಎಂಬುದು ಮೇಡಂ ಹಾಕಿದ ಕರಾರು. ಸುಭದ್ರಾಬಾಯಿ ಗ್ಯಾಸು ಆರಿಸಿ, ದೇವರ ದೀಪವನ್ನೂ ಶಾಂತಮಾಡಿ ಬಂದು ಕೂತರು. ಶಾಲೆಯಿಂದ ತಂದ ಅಳತೆಯ ಗಾಜಿನ ಕೊಳವೆಗೆ ಸೃಷ್ಟಿ ಸ್ಕೂಟರಿನ ಪೆಟ್ರೋಲು ಸುರಿದಳು, ಮೇಲೆ ಸ್ವಲ್ಪ ನೀರು ಹಾಕಿದಳು. ನೀರು ತಳಕ್ಕಿಳಿದು ಬೇರೆ ಪದರಾಗಿ ನಿಂತಿತು. ಅದು ನಿಂತ ಮಟ್ಟಕ್ಕೆ ಸರಿಯಾಗಿ ಹೊರಗಿನಿಂದ ದಾರ ಕಟ್ಟಿದಳು. ಆಮೇಲೆ ಬಾಯಿ ಮುಚ್ಚಿ, ಅಲ್ಲಾಡಿಸಿ, ಕಟ್ಟೆಯ ಮೇಲಿಟ್ಟು ಕಾದಳು. ಪದರುಗಳು ಮತ್ತೆ ಬೇರಾದಾಗ ತಳದ ನೀರು ದಾರವನ್ನು ದಾಟಿ ಹೆಚ್ಚುಕಡಿಮೆ ಎರಡರಷ್ಟಾಗಿತ್ತು.

"ನೋಡ್ದೇನು! ನೀರು ಹಾಕ್ಯಾರ ಅಂತ ಹೇಳಲಿಲ್ಲೇನು!" ಜಗದೇವಪ್ಪನವರು ಎದ್ದೇ ನಿಂತರು.

"ಇಲ್ಲ ಮುತ್ಯಾ. ಮೊದಲೇ ನೀರಿದ್ರ ನಾ ಹಾಕೂದಕ್ಕಿಂತ ಮುಂಚೇನೇ ತಳಕ್ಕ ಕುಂತಿರಬೇಕಿತ್ತು. ಅದಕ್ಕೂ ಪೆಟ್ರೋಲಿಗೂ ಆಗಿಬರಂಗಿಲ್ಲ. ಇದು ಪೆಟ್ರೋಲಿನ್ಯಾಗ ಕರಗಿತ್ತು. ನೀರು ಕಂಡಕೂಡ್ಲೇ ಅದನ್ನ ಬಿಟ್ಟು ನೀರಿಗೆ ಬಂದು ಸೇರ್ತು. ಎರಡರ ಕೂಡನೂ ಸಲಿಗಿ ಇದ್ದದ್ದು ಏನಿರಬೇಕು?"

"ಎರಡೂ ಪಾರ್ಟಿ ಕೂಡ ಸಲಿಗಿ ಅಂದ್ರ ನಮ್ಮ ಓಣಿ ಚಂದ್ರಾಮ ಒಬ್ಬನೇ," ಎಂದರು ಸುಭದ್ರಾಬಾಯಿ.

"ಎಥೆನಾಲ್, ಆಯಿ. ಅಂದ್ರ ಮದ್ಯಸಾರ."

ಮದ್ಯವಿರೋಧಿ ಸಮಿತಿಯ ಅಧ್ಯಕ್ಷರು ವಿಭೂತಿ ಧರಿಸಿ ನಿಂತಿದ್ದ ತಮ್ಮ ಸ್ಕೂಟರನ್ನು ನೋಡಿದರು. ಮರ್ಯಾದಸ್ಥರ ಮನೆಯ ಮಗ ಗಟಾರದಲ್ಲಿ ಬಿದ್ದದ್ದನ್ನು ಕಂಡಂತಿತ್ತು ಆ ನೋಟ.

ಪಂಪಿಗೆ ಅವರು ನಡೆದೇ ಹೋದರು. ಅಲ್ಲಿ ಪೆಟ್ರೋಲು ಹಾಕುವ ಮಾಳಿಂಗ ಇವರ ಕೂಗಾಟವನ್ನೆಲ್ಲ ತಾಳ್ಮೆಯಿಂದ ಕೇಳಿ ಯಂತ್ರದ ಮೇಲಿನ ಚೀಟಿಯತ್ತ ಕೈ ತೋರಿಸಿದ.

"ಇ-20 ಅಂತ ಬರದದಲ್ರಿ ಸಾಹೇಬ್ರ. ನೂರರಾಗ ಇಪ್ಪತ್ತು ಎಥೆನಾಲು. ಈಗ ದೇಶದ ತುಂಬ ಹಿಂಗೇ ಅದ."

ಜಗದೇವಪ್ಪನವರು ಇಷ್ಟು ದಿನ ಅದನ್ನು ಯಂತ್ರದ ನಂಬರೆಂದು ತಿಳಿದಿದ್ದರು. "ಎಲ್ಲಿಂದ ತರ್ತಾರ ಈ ಹಲ್ಕಟ್ ಮಾಲು?"

"ಕಬ್ಬಿಂದ ಮಾಡ್ತಾರಂತ್ರಿ. ನಿಮ್ಮ ಗೊಬ್ಬೂರ ಕಬ್ಬು ಎಲ್ಲಿಗೆ ಕಳಸ್ತೀರಿ?"

"ಫ್ಯಾಕ್ಟರಿಗೆ."

"ಹೌದಲ್ರಿ ಮತ್ತ!" ಎಂದ ಮಾಳಿಂಗ ಮುಂದಿನ ಗಾಡಿಯ ಕಡೆ ತಿರುಗಿದ.

ತಾವೇ ಬೆಳೆದದ್ದನ್ನು ತಾವೇ ಕುಡಿಸಿದ್ದ ಸಂಗತಿ ಮನೆಗೆ ಅವರಿಗಿಂತ ಮುಂಚೆ ತಲುಪಿತ್ತು. "ಹತ್ರ ಹೋಗಿ ಬೈಬ್ಯಾಡ್ರಿ, ನಶಾದಾಗ ಎದುರು ಮಾತಾಡೀತು," ಎಂದು ಸುಭದ್ರಾಬಾಯಿ ಸ್ಕೂಟರನ್ನು ತೋರಿಸಿದರು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಸೃಷ್ಟಿ ಇದೇ ಪ್ರಯೋಗವನ್ನು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಇಡುವವಳಿದ್ದಳು, ಆ ಪ್ರದರ್ಶನದ ಉದ್ಘಾಟಕರು ಜಗದೇವಪ್ಪನವರು.

"ಬ್ಯಾರೆ ಏನರ ಮಾಡವ್ವ. ಜ್ವಾಲಾಮುಖಿ ಮಾಡು, ಎಲ್ಲಾರೂ ಮಾಡ್ತಾರ. ನಮ್ಮ ಮನಿ ಗಾಡಿ ಕುಡೀತದ ಅಂತ ಊರ ಮುಂದ ಹೇಳಬ್ಯಾಡ."

ಹುಡುಗಿ ಅಳಲಿಲ್ಲ, ಹಟವನ್ನೂ ಮಾಡಲಿಲ್ಲ. "ನಾ ಹೇಳಿದ್ದು ಖರೇ ಅದನೋ ಸುಳ್ಳೋ, ಮುತ್ಯಾ?" ಎಂದು ಕೇಳಿದಳು. ಆಮೇಲೆ ಕೊಳವೆ ತೊಳೆಯಲು ಎದ್ದು ಹೋದಳು.

ಜಗದೇವಪ್ಪನವರಿಗೆ ಊಟ ರುಚಿಸಲಿಲ್ಲ. ಎರಡು ಚಮಚ ದ್ರಾಕ್ಷಾರಿಷ್ಟ ಒಳಗೆ ಹೋದ ಮೇಲೆ ಮಾತ್ರ ಮನಸ್ಸು ಉದಾರವಾಯಿತು. ಮೊಮ್ಮಗಳನ್ನು ಕರೆದು, "ತೋರಸು. ಖರೇ ಇದ್ದದ್ದಕ್ಕ ಅಂಜಬಾರ್ದು," ಎಂದರು.

"ಎಲ್ಲಾ ತೋರಸ್ಲಿ?"

"ಎಲ್ಲಾ ತೋರಸು!"

ದುಡುಕಿ ಕೊಟ್ಟ ಆದೇಶಗಳ ಪರಿಣಾಮವನ್ನು ಮೂವತ್ತು ವರ್ಷ ಕಚೇರಿಯಲ್ಲಿ ಕಂಡವರು ಇದೊಂದರಲ್ಲಿ ಎಡವಿದರು.

ಪ್ರದರ್ಶನದ ದಿನ ಊಟ, ಔಷಧ ಮುಗಿಸಿ, ಸ್ಕೂಟರನ್ನೇರಿ ಸಪತ್ನೀಕರಾಗಿ ಶಾಲೆಗೆ ಹೋದರು. ದೀಪ ಹಚ್ಚಿದರು. ಸೃಷ್ಟಿಯ ಮೇಜಿನ ಮೇಲೆ ಭದ್ರವಾಗಿ ಮುಚ್ಚಿದ ಮೂರು ಬಾಟಲಿಗಳಿದ್ದವು. ಆಳಂದದಿಂದ ನಿರ್ಣಾಯಕರಾಗಿ ಬಂದಿದ್ದ ಶಾಂತಲಿಂಗಪ್ಪ ಮಾಸ್ತರರು ಮೊದಲನೆಯದರ, ಅಂದರೆ ಸ್ಕೂಟರಿನ ಪೆಟ್ರೋಲಿನ, ಮುಂದೆ ನಿಂತಾಗ ಹುಡುಗಿ ತಡವರಿಸದೆ ಹೇಳಿದಳು: ಎಥೆನಾಲು ಉರಿದರೆ ಪೆಟ್ರೋಲಿನಷ್ಟು ಶಾಖ ಕೊಡುವುದಿಲ್ಲ, ಅದಕ್ಕೆ ಆವರೇಜು ಸ್ವಲ್ಪ ಇಳಿಯುತ್ತದೆ. "ಆದ್ರ ಪೂರಾ ಅದರದೇ ತಪ್ಪಲ್ರಿ. ನಮ್ಮ ಮುತ್ಯಾ ಟಾಯರಿಗೆ ಗಾಳಿ ಹೊಡಸಿರಲಿಲ್ರಿ."

ಎರಡನೆಯದು ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರು. ಮೂರನೆಯ ಬಾಟಲಿಯನ್ನು ಜಗದೇವಪ್ಪನವರು ಎಲ್ಲೋ ನೋಡಿದಂತಿತ್ತು. ಎಲ್ಲಿ ಎಂದು ನೆನಪಾಗುವಷ್ಟರಲ್ಲಿ ಕಾಲ ಮಿಂಚಿತ್ತು.

"ಇದೇನವಾ ಇದು?" ಎಂದರು ಮಾಸ್ತರರು.

"ದ್ರಾಕ್ಷಾರಿಷ್ಟ ರೀ. ಇದರಾಗೂ ಸ್ವಲ್ಪ ಎಥೆನಾಲು ಅದ."

"ಹೆಂಗ ಗೊತ್ತಾತು?" (ಶೈಲಶ್ರೀ ಮೇಡಂ ಮುಗುಳ್ನಕ್ಕರು.)

"ಬಾಟ್ಲಿ ಮ್ಯಾಲೇ ಬರದದ್ರಿ. ಆದ್ರ ಬರದದ್ದನ್ನ ಹಂಗೇ ನಂಬಬಾರ್ದಂತ ಮೇಡಂ ಕೂಡಿ ಕುದಿಸಿ ನೋಡಿದೆ. ಮೊದಲ ಬಂದ ಆವಿ ತಣಿಸಿ ಹಿಡದು, ಆ ಹನಿಗೆ ಮೇಡಂ ಕಡ್ಡಿ ತೋರಿಸಿದ್ರು. ನೀಲಿ ಉರಿ ಬಂತ್ರಿ. ದ್ರಾಕ್ಷಿ, ಬೆಲ್ಲ ಭರಣ್ಯಾಗ ಮುಚ್ಚಿಟ್ರ ತಾನೇ ಹುಳಿತು ಹಂಗಾಗ್ತದ. ಕಬ್ಬಿಂದು ಫ್ಯಾಕ್ಟರ್ಯಾಗ, ಇದು ಭರಣ್ಯಾಗ."

"ಶಾಭಾಸ್! ಎಲ್ಲಿಂದ ತಂದಿ ಇದನ್ನ?"

"ನಮ್ಮ ಮುತ್ಯಾಂದು ರೀ. ಎರಡೂ ಹೊತ್ತು, ಎರಡೆರಡು ಚಮಚ."

ನಗೆ ಮೊದಲು ಹುಡುಗರ ಸಾಲಿನಲ್ಲಿ ಹುಟ್ಟಿ, ಸಮಿತಿಯ ಸದಸ್ಯರ ಸಾಲನ್ನು ದಾಟಿ, ಬಾಗಿಲಾಚೆ ನಿಂತಿದ್ದ ಪಾಲಕರಿಗೂ ತಗುಲಿತು. ಸೃಷ್ಟಿ ಮಾತ್ರ ನಗಲಿಲ್ಲ. ಅವಳು ಯಾರ ಮಾನವನ್ನೂ ಕಳೆಯಲು ಹೊರಟಿರಲಿಲ್ಲ. ಮನೆಯಲ್ಲಿ ಎಥೆನಾಲು ಎಲ್ಲೆಲ್ಲಿದೆ ಎಂದು ಹುಡುಕಿದ್ದಳು, ಸಿಕ್ಕದ್ದನ್ನು ತಂದಿಟ್ಟಿದ್ದಳು. ಆಯಿಯನ್ನು ಬಿಡಿಸಿದ ಪ್ರಶ್ನೆಯೇ ಮುತ್ಯಾನನ್ನು ಹಿಡಿದುಕೊಟ್ಟಿತು. ಪ್ರಶ್ನೆಗೆ ಬಂಧುಬಳಗವಿರುವುದಿಲ್ಲ.

ಉದ್ಘಾಟಕರ ಭಾಷಣ ಬಾಕಿಯಿತ್ತು. ಜಗದೇವಪ್ಪನವರು ಮೈಕಿನ ಮುಂದೆ ನಿಂತರು. ಎಂದಿನ ಮೊದಲ ವಾಕ್ಯ ಬಾಯಿಯವರೆಗೆ ಬಂದು ಹಿಂದಿರುಗಿತು.

"ನಾ ಸಾಕ್ಷಿ ನೋಡದ ಆದೇಶ ಬರದಾಂವಲ್ಲ," ಎಂದರು. ಮುಂದಿನ ಸಾಲಿನಲ್ಲಿ ಸುಭದ್ರಾಬಾಯಿ ಗಟ್ಟಿಯಾಗಿ ಕೆಮ್ಮಿದರು. "ಒಂದ್ಸಲ ಬಿಟ್ಟು," ಎಂದು ತಿದ್ದಿಕೊಂಡರು. "ಈ ಹುಡುಗಿ ಸಾಕ್ಷಿ ಇಟ್ಟಾಳ. ನಾ ಒಪ್ಪೀನಿ. ನಿಮ್ಮ ಮಕ್ಕಳು ಹಿಂಗ ಕೇಳಿದ್ರ ಬಾಯಿ ಮುಚ್ಚಿಸಬ್ಯಾಡ್ರಿ. ಮುಚ್ಚಿಸೂದಿದ್ರ ಔಷಧದ ಕಪಾಟು ಮೊದಲ ಮುಚ್ರಿ." ಅವರ ಜೀವಮಾನದ ಅತಿ ಚಿಕ್ಕ ಭಾಷಣಕ್ಕೆ ಅತಿ ದೊಡ್ಡ ಚಪ್ಪಾಳೆ ಬಿತ್ತು. ಮೊದಲ ಬಹುಮಾನವನ್ನು ಅವರ ಕೈಯಿಂದಲೇ ಮೊಮ್ಮಗಳಿಗೆ ಕೊಡಿಸಿದರು.

ಹೊರಗೆ ಸ್ಕೂಟರು, ಟಾಯರಿಗೆ ಹೊಸ ಗಾಳಿ ತುಂಬಿಸಿಕೊಂಡು, ಏನೂ ಅರಿಯದಂತೆ ನಿಂತಿತ್ತು. ಜಗದೇವಪ್ಪನವರು ಕಿಕ್ಕು ಹೊಡೆದರು. ಸುಭದ್ರಾಬಾಯಿ ಸೆರಗು ಸಾವರಿಸಿ, ನಿರ್ದೋಷಿಗೆ ಮಾತ್ರ ಸಾಧ್ಯವಾದ ಗತ್ತಿನಿಂದ ಹಿಂದಿನ ಸೀಟನ್ನು ಪೂರ್ತಿ ತುಂಬಿ ಕೂತರು.

"ಸಾವಕಾಶ ಹೊಡೀರಿ," ಎಂದರು. "ಗಾಡಿನೂ ಕುಡದದ, ನೀವೂ ಕುಡದೀರಿ. ಶುದ್ಧಿಯೊಳಗ ಇದ್ದಾಕಿ ನಾ ಒಬ್ಬಾಕಿ."