ಡ್ರೈವರ್ ಹೆಸರು ಹೇಳಬಾರದು

ನಾಯಿಗೆ ಹೆದರಿದ ಅಂಚೆಯವನು ಒಂಬತ್ತನೇ ನಂಬರಿನ ಮನೆಯ ಕಾಗದವನ್ನು ಹನ್ನೊಂದನೇ ನಂಬರಿನ ಬಾಗಿಲಿಗೆ ತುರುಕಿ ಓಡಿಹೋದ. ಡೆಸ್ಮಂಡ್ ಟ್ರಾಂಟರ್‌ನ ಮಾನ ಹೋಗಲು ಅಷ್ಟೇ ಸಾಕಾಯಿತು. ಕಾಗದ ನೇರವಾಗಿ ಅವನ ಕೈಗೇ ಬಂದಿದ್ದರೆ ಗುಟ್ಟಾಗಿ ದುಡ್ಡು ಕಟ್ಟಿ, ಅದನ್ನು ಬೆಂಕಿಗೆ ಹಾಕಿ, ಇವತ್ತಿಗೂ ನಮ್ಮ ಓಲ್ಡರ್‌ಬಿ ಹಳ್ಳಿಯಲ್ಲಿ ತಲೆಯೆತ್ತಿಕೊಂಡು ಓಡಾಡುತ್ತಿದ್ದ. ಮರ್ಯಾದಸ್ಥರಾಗಿ ಬಾಳುವುದರಲ್ಲಿ ಅಂಚೆಯವನ ಪಾಲು ಎಷ್ಟಿದೆ ಎಂದು ನಾವು ಯಾರೂ ಯೋಚಿಸುವುದಿಲ್ಲ.

ಹನ್ನೊಂದನೇ ನಂಬರಿನ ನೈಜಲ್ ಕ್ರಾಪರ್ ಮನೆಯ ಚಪ್ಪಲಿಯಲ್ಲೇ ಓಡಿಬಂದ. ಮೊಮ್ಮಗ ಹುಟ್ಟಿದ ಸುದ್ದಿ ತಂದವನ ಮುಖ.

"ಡೆಸ್ಮಂಡ್! ಬಂತು ಕಣಯ್ಯಾ, ಬಂತು!"

"ಏನ್ ಬಂತು?"

"ಪಾರ್ಕಿಂಗ್ ನೋಟಿಸು! ನಿನ್ನ ಹೆಸರಿಗೆ! ನನ್ನ ಮನೇಗೆ ಹಾಕಿ ಹೋಗಿದಾನೆ. ಹೆಸರು ನೋಡ್ದೆ ಒಡೆದ್ಬಿಟ್ಟೆ. ಒಡೆದ ಮೇಲೆ ಓದ್ದೆ ಇರೋಕಾಗತ್ತಾ?"

ಡೆಸ್ಮಂಡ್ ತಿನ್ನುತ್ತಿದ್ದ ಬ್ರೆಡ್ಡನ್ನು ಕೆಳಗಿಟ್ಟು ಕಾಗದ ಇಸಿದುಕೊಂಡ. ಕಾಗದದ ಮೇಲೆ ಅವನ ಹಸಿರು ಕಾರಿನ ಎರಡು ಫೋಟೋ ಇದ್ದವು. ಸ್ಕೆಲ್‌ಬೆಕ್ ಪಟ್ಟಣದ ಸೂಪರ್‌ಮಾರ್ಕೆಟ್ಟಿನ ಅಂಗಳಕ್ಕೆ ಹತ್ತು ಹತ್ತಕ್ಕೆ ಒಳಗೆ, ಹನ್ನೆರಡು ಐವತ್ತೊಂದಕ್ಕೆ ಹೊರಗೆ. ಎರಡು ಗಂಟೆ ಮಾತ್ರ ಅವಕಾಶ. ನಲವತ್ತೊಂದು ನಿಮಿಷ ಹೆಚ್ಚಿಗೆ ನಿಂತದ್ದಕ್ಕೆ ನೂರು ಪೌಂಡು.

ನೂರು ಪೌಂಡಿಗೆ ಡೆಸ್ಮಂಡ್ ಹೆದರಲಿಲ್ಲ. ಅವನು 'ನಮ್ಮೂರ ಅಂಗಡಿ ಉಳಿಸಿ' ಸಮಿತಿಯ ಅಧ್ಯಕ್ಷ. ಆ ಸೂಪರ್‌ಮಾರ್ಕೆಟ್ ಬಂದಾಗಿನಿಂದ ಎಪ್ಪತ್ತನಾಲ್ಕು ವರ್ಷದ ಬೆರಿಲ್ ಆಕ್ರಾಯ್ಡ್‌ಳ ಅಂಗಡಿಗೆ ಗಿರಾಕಿ ಕಡಿಮೆಯಾಗಿ, ಅದು ಇವತ್ತೋ ನಾಳೆಯೋ ಎನ್ನುವಂತಿತ್ತು. ಇಡೀ ಊರನ್ನು ಚರ್ಚಿನ ಸಭಾಂಗಣದಲ್ಲಿ ಕೂಡಿಸಿ, "ಇನ್ನು ಮುಂದೆ ನಮ್ಮ ಕಾಲು ಆ ಜಾಗಕ್ಕೆ ತಾಗಕೂಡದು" ಎಂದು ಅರವತ್ತು ಜನರಿಂದ ಸಹಿ ಹಾಕಿಸಿದವನು ಇವನೇ. ಹೆಣಿಗೆ ಸಂಘದ ಹೆಂಗಸರು ಎಲ್ಲರಿಗೂ ಒಂದೇ ಥರದ ನೇರಳೆ ಉಣ್ಣೆಯ ಟೋಪಿ ಹೆಣೆದುಕೊಟ್ಟಿದ್ದರು. ಇವನ ಕಿಟಕಿಯಲ್ಲಂತೂ ದೊಡ್ಡ ಅಕ್ಷರದ ಫಲಕ: 'ಈ ಮನೆಗೆ ಸೂಪರ್‌ಮಾರ್ಕೆಟ್ಟಿನ ಚೀಲ ಬರುವುದಿಲ್ಲ.'

ಚೀಲ ಬರುತ್ತಿರಲಿಲ್ಲ, ನಿಜ. ತಿಂದದ್ದು ಹೊಟ್ಟೆಯಲ್ಲಿ ಬರುತ್ತಿತ್ತು. ಬೆರಿಲ್ ಚಿನ್ನದಂಥ ಹೆಂಗಸು, ಆದರೆ ಆಕೆಯ ಬ್ರೆಡ್ಡು ಯಾವತ್ತೂ ನಿನ್ನೆಯದರ ಹಾಗೆ ಬಿರುಸು. ಹಾಗಾಗಿ ಪ್ರತಿ ಮಂಗಳವಾರ 'ಲೈಬ್ರರಿಗೆ' ಎಂದು ಹೊರಟು, ಸೂಪರ್‌ಮಾರ್ಕೆಟ್ಟಿನ ಕೆಫೆಯಲ್ಲಿ ಮೊಟ್ಟೆ, ಸಾಸೇಜು, ಮೇಲೆ ಎರಡು ಬಿಸಿ ಕಸ್ಟರ್ಡ್ ಟಾರ್ಟು ತಿಂದು ಬರುತ್ತಿದ್ದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಆ ಮಂಗಳವಾರ ಮಾತ್ರ, ಎರಡನೇ ಟಾರ್ಟಿಗೆ ಬಾಯಿ ಹಾಕುವಾಗ ಬ್ರೆಡ್ಡಿನ ಕಪಾಟಿನ ಆಚೆ ಒಂದು ನೇರಳೆ ಟೋಪಿ ಹಾದುಹೋಯಿತು. ನಮ್ಮೂರವರು ಯಾರೋ! ಡೆಸ್ಮಂಡ್ ಟಾರ್ಟು ಸಮೇತ ಶೌಚಾಲಯಕ್ಕೆ ನುಗ್ಗಿ ಅಗಳಿ ಹಾಕಿಕೊಂಡವನು ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ.

"ನೈಜಲ್, ಅದು... ಅವತ್ತು ನಾನು..."

"ಮುಚ್ಚು ಬಾಯಿ!" ನೈಜಲ್ ಎರಡೂ ಕಿವಿ ಮುಚ್ಚಿಕೊಂಡ. "ಹೇಳ್ಬೇಡ! ಯಾರು ಓಡಿಸಿದ್ರು ಅಂತ ನಂಗೆ ಹೇಳ್ಬೇಡ, ಹೆಂಡ್ತಿಗೆ ಹೇಳ್ಬೇಡ, ಪಾದ್ರಿ ಕೇಳಿದ್ರೂ ಹೇಳ್ಬೇಡ!"

ನಿವೃತ್ತರಾದ ಮೇಲೆ ಬೇರೆಯವರು ಗುಲಾಬಿ ಬೆಳೆಸುತ್ತಾರೆ. ನೈಜಲ್ ಪಾರ್ಕಿಂಗ್ ಕಂಪನಿಗಳ ಮೇಲೆ ಯುದ್ಧ ಸಾರಿದ್ದ. ತನ್ನವು ನಾಲ್ಕು, ನೆಂಟರವು ಏಳು ನೋಟಿಸುಗಳನ್ನು ಗೆದ್ದು, ಒಂದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಕಾರು ಯಾಕೆ ಅಲ್ಲಿಗೆ ಹೋಗಿತ್ತು ಎನ್ನುವ ಪ್ರಶ್ನೆಯೇ ಅವನ ತಲೆಗೆ ಹೊಳೆದಿರಲಿಲ್ಲ.

"ಇದು ಪೊಲೀಸ್ ದಂಡ ಅಲ್ಲ ಕಣೋ, ಯಾವುದೋ ಕಂಪನಿ ಬರೆದಿರೋ ಕಾಗ್ದ. ಹದಿನಾಲ್ಕು ದಿನದೊಳಗೆ ಬರ್ಬೇಕಿತ್ತು, ಹದಿನೆಂಟಕ್ಕೆ ಬಂದಿದೆ. ಇನ್ನು ಕಾರಿನ ಮಾಲೀಕನ್ನ ಹಿಡಿಯೋ ಹಾಗಿಲ್ಲ, ಓಡಿಸಿದವನನ್ನೇ ಹಿಡೀಬೇಕು. ಓಡಿಸಿದವನು ಯಾರು ಅಂತ ನಾವು ಹೇಳ್ದೆ ಇದ್ರೆ ಅವರಿಗೆ ಗೊತ್ತಾಗಲ್ಲ. ಇನ್ಮೇಲೆ 'ನಾನು' ಅನ್ನೋ ಮಾತೇ ಬೇಡ. 'ಡ್ರೈವರ್' ಅನ್ನು. ಎಲ್ಲಿ, ಹೇಳು ನೋಡೋಣ."

"ಡ್ರೈವರ್," ಎಂದ ಡೆಸ್ಮಂಡ್. ಹೇಳುತ್ತಿದ್ದಂತೆ ಎದೆ ಹಗುರಾಯಿತು. ಬಾಯಿ ಬಿಡಬೇಡ ಎಂದು ಕಾನೂನೇ ಹೇಳುವಾಗ ತಪ್ಪೊಪ್ಪಿಕೊಳ್ಳಲು ತಾನ್ಯಾರು!

"ನಾಲ್ಕು ಗಂಟೆಗೆ ಸಮಿತಿ ಸಭೆ ಇದೆಯಲ್ಲ, ಅಲ್ಲೇ ಪರದೆ ಮೇಲೆ ಈ ಫೋಟೋ ಹಾಕಿ ಎಲ್ರಿಗೂ ಪಾಠ ಮಾಡ್ತೀನಿ," ಎಂದ ನೈಜಲ್. "ಊರವರ ಗ್ರೂಪಿಗೆ ಆಗ್ಲೇ ಮೆಸೇಜ್ ಹಾಕಾಯ್ತು."

ಹಗುರಾದ ಎದೆ ಮತ್ತೆ ಕಲ್ಲಾಯಿತು.

ಹತ್ತು ಗಂಟೆಗೆ ಬೀದಿಗೆ ಇಳಿದರೆ ಹೆಣಿಗೆ ಸಂಘದ ಪಾಲೀನ್ ಸಗ್ಡನ್ ಬೇಲಿಯ ಮೇಲೆ ಎರಡೂ ಮೊಣಕೈ ಊರಿಕೊಂಡು ಕಾಯುತ್ತಿದ್ದಳು.

"ನಿಮ್ಮ ಕಾರು ಸೂಪರ್‌ಮಾರ್ಕೆಟ್‌ಗೆ ಹೋಗಿತ್ತಂತೆ?"

"ಕಾರು... ಹೋಗಿತ್ತು."

"ನೀವು?"

"ಡ್ರೈವರ್ ಯಾರು ಅಂತ ಹೇಳೋ ಹಾಗಿಲ್ಲ, ಪಾಲೀನ್. ಕಾನೂನು."

ಪಾಲೀನ್ ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ಆಕೆಯ ಕಣ್ಣಲ್ಲಿ ನೀರೇ ಬಂತು. ಬೇಲಿಯಾಚೆಯಿಂದ ಕೈ ಚಾಚಿ ಅವನ ಕೈ ಅದುಮಿದಳು. "ಅರ್ಥ ಆಯ್ತು ಬಿಡಿ. ಎಂಥಾ ದೊಡ್ಡ ಮನಸ್ಸು ನಿಮ್ದು! ಕಟ್ಕೊಂಡವಳನ್ನ ಬಿಟ್ಕೊಡಲ್ಲ ಅಂತೀರಲ್ಲ. ಗ್ಲೆನಿಸ್ ಪುಣ್ಯ ಮಾಡಿದ್ಲು."

ಆಕೆಗೆ ಏನು ಅರ್ಥವಾಯಿತೆಂದು ಡೆಸ್ಮಂಡ್‌ಗೆ ಹೊಳೆದದ್ದು ಬೀದಿಯ ತಿರುವಿನಲ್ಲಿ. ಮನೆಯಲ್ಲಿರುವುದು ಇಬ್ಬರು. ಕಾರು ತಾನಾಗಿ ಹೋಗುವುದಿಲ್ಲ. ಸಮಿತಿಯ ಅಧ್ಯಕ್ಷ ಹೋಗುವವನಲ್ಲ. ಮಿಕ್ಕವರು ಯಾರು? ಹಿಂದಕ್ಕೆ ಹೋಗಿ "ಅಯ್ಯೋ, ಹಾಗಲ್ಲ" ಎನ್ನಲು ಇಪ್ಪತ್ತು ಹೆಜ್ಜೆ ಸಾಕಿತ್ತು. ಅವನು ಹಾಕಲಿಲ್ಲ. ಮೂವತ್ತಾರು ವರ್ಷ ಒಟ್ಟಿಗೆ ಬಾಳಿದ ಹೆಂಗಸನ್ನು ಎರಡು ಟಾರ್ಟಿಗೆ ಮಾರಿದೆನಲ್ಲ ಎಂದು ಅವನಿಗೇ ನಾಚಿಕೆಯಾಯಿತು. ನಾಚಿಕೆಪಡುತ್ತಲೇ ಮುಂದಕ್ಕೆ ನಡೆದ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಹನ್ನೆರಡು ಗಂಟೆಗೆ ಗ್ಲೆನಿಸ್ ತಲೆಗೂದಲು ಕತ್ತರಿಸಿಕೊಳ್ಳಲು ಹೋದವಳು ಅರ್ಧ ಒಣಗಿದ ಕೂದಲಲ್ಲೇ ಮನೆಗೆ ಬಂದಳು.

"ನಾನು ಒಳಗೆ ಕಾಲಿಟ್ಟ ತಕ್ಷಣ ಎಲ್ರೂ ಮಾತು ನಿಲ್ಲಿಸಿಬಿಟ್ರು," ಎಂದಳು. "ಬೆರಿಲ್‌ಗೆ ಎಷ್ಟು ನೋವಾಗಿರಬೇಡ ಅಂತ ಒಬ್ಬಳು ಗೋಡೆಗೆ ಹೇಳಿದ್ಲು. ಡೆಸ್ಮಂಡ್, ನಾನು ಸೂಪರ್‌ಮಾರ್ಕೆಟ್‌ಗೆ ಹೋಗಿದ್ನಾ?"

"ನೋಡು, ಕಾನೂನಿನ ಪ್ರಕಾರ ಡ್ರೈವರ್ ಯಾರು ಅಂತ..."

"ಡ್ರೈವರ್ ಪ್ರತಿ ಮಂಗಳವಾರ ಲೈಬ್ರರಿಗೆ ಹೋಗಿ ಬಂದಾಗ ಮೀಸೇಲಿ ಕಸ್ಟರ್ಡ್ ಇರುತ್ತೆ," ಎಂದಳು ಗ್ಲೆನಿಸ್. "ಒಂದು ವರ್ಷದಿಂದ ನೋಡ್ತಾ ಇದೀನಿ. ಅಲ್ಲಿ ಪುಸ್ತಕ ಕೊಡ್ತಾರೋ ಟಾರ್ಟು ಕೊಡ್ತಾರೋ ಅಂತ ಕೇಳಲಿಲ್ಲ. ಕೇಳಿದ್ರೆ ನಿಂಗೆ ಅವಮಾನ ಆಗುತ್ತೆ ಅಂತ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಟೀ ಮಾಡಿದಳು. ಅವನ ಬಟ್ಟಲಿಗೆ ಎಂದಿನಂತೆ ಎರಡು ಚಮಚ ಸಕ್ಕರೆ ಹಾಕಿ ಮುಂದಿಟ್ಟು, "ಸಭೆಗೆ ನಾನೂ ಬರ್ತೀನಿ. ಮುಂದಿನ ಸಾಲಲ್ಲಿ ಕೂತ್ಕೋತೀನಿ," ಎಂದಳು.

ನಾಲ್ಕು ಗಂಟೆಗೆ ಸಭಾಂಗಣ ಕಿಕ್ಕಿರಿದಿತ್ತು. ಹಿಂದೆ ಹದಿನೈದು ಜನ ಜಾಗವಿಲ್ಲದೆ ಗೋಡೆಗೆ ಆತು ನಿಂತಿದ್ದರು. ಆದರೂ ಮುಂದಿನ ಸಾಲಿನಲ್ಲಿ ಗ್ಲೆನಿಸ್‌ಳ ಎಡಕ್ಕೆ ಎರಡು, ಬಲಕ್ಕೆ ಎರಡು ಕುರ್ಚಿ ಖಾಲಿ. ಅವಳು ನೇರಳೆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಬೆರಿಲ್ ಮೇಜಿನ ಮೇಲೆ ಅಧ್ಯಕ್ಷರಿಗೆಂದು ಕೇಕ್ ತಂದಿಟ್ಟಿದ್ದಳು.

ನೈಜಲ್ ಪರದೆಯ ಮೇಲೆ ಫೋಟೋ ಹಾಕಿದ. ಕಾರು ಹೊರಗೆ ಹೋಗುವಾಗಿನ ಚಿತ್ರ, ಗೋಡೆಯಷ್ಟು ದೊಡ್ಡದು. "ಈಗ ನೋಡಿ, ಡ್ರೈವರ್ ಯಾರು ಅಂತ ಇದ್ರಲ್ಲಿ ಕಾಣಲ್ಲ. ನಮ್ಮ ಡೆಸ್ಮಂಡ್ ಬೆಳಗ್ಗೆಯಿಂದ ಒಂದೇ ಒಂದು ಸಲ ಬಾಯಿ ಬಿಟ್ಟಿಲ್ಲ. ಗಂಡಸು ಅಂದ್ರೆ ಹೀಗಿರ್ಬೇಕು!"

ಜನ ಗ್ಲೆನಿಸ್‌ಳ ಬೆನ್ನು ನೋಡುತ್ತಾ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಡೆಸ್ಮಂಡ್‌ನ ಕೆನ್ನೆಗೇ ಬಿದ್ದಂತಾಯಿತು. ಎದ್ದು ನಿಂತ.

"ನಾನೇ," ಎಂದ. "ಓಡಿಸಿದ್ದು ನಾನೇ. ಅವಳಲ್ಲ. ಪ್ರತಿ ಮಂಗಳವಾರ ಹೋಗ್ತೀನಿ. ಟಾರ್ಟು ತಿನ್ನೋಕೆ."

ಮೊದಲು ಬಾಯಿ ಬಂದದ್ದು ನೈಜಲ್‌ಗೆ. "ಹಾಳು ಮಾಡ್ದೆಯಲ್ಲೋ ಪಾಪಿ! ಹೆಸರು ಹೇಳ್ಬಿಟ್ಟೆಯಲ್ಲೋ! ಅರವತ್ತು ಜನ ಸಾಕ್ಷಿ! ಗೆದ್ದ ಕೇಸು!"

ಬೆರಿಲ್ ಎದ್ದಳು.

"ಡೆಸ್ಮಂಡ್, ಕಂದಾ," ಎಂದಳು ನಡುಗುವ ದನಿಯಲ್ಲಿ, "ಐವತ್ತು ವರ್ಷದಿಂದ ಈ ಊರಿಗೆ ಬ್ರೆಡ್ಡು ಕೊಟ್ಟಿದೀನಿ. ನಿನ್ನ ಹೆಸರು ಹೇಳಿ ಮೊಟ್ಟೆ ಬೇರೆ ತೆಗೆದಿಡ್ತಿದ್ದೆ. ನಾನು ಒಬ್ಬಂಟಿ ಹೆಂಗಸು, ನಿನ್ನನ್ನ ನಂಬಿದ್ದೆ. ಆ ಜಾಗದಲ್ಲಿ ಕಾಲಿಡೋಕೆ ನಿಂಗೆ ಮನಸ್ಸಾದರೂ ಹೇಗೆ ಬಂತು?"

ಮುಖ ಎಲ್ಲಿಡಬೇಕೆಂದು ತಿಳಿಯದೆ ಡೆಸ್ಮಂಡ್ ಪರದೆಯ ಕಡೆ ತಿರುಗಿದ. ತಿರುಗಿದವನು ಹಾಗೇ ನಿಂತ. ಫೋಟೋದಲ್ಲಿ ಅವನ ಕಾರಿನ ಬೆನ್ನಿಗೇ ಇನ್ನೊಂದು ಬಂಡಿಯ ಮೂತಿ ಕಾಣುತ್ತಿತ್ತು. ಕೆನೆ ಬಣ್ಣದ ಹಳೇ ವ್ಯಾನು. ಎಡಗಡೆಯ ದೀಪಕ್ಕೆ ಅಡ್ಡಡ್ಡ ಕಂದು ಟೇಪು. ಆ ಟೇಪನ್ನು ಹೋದ ಚಳಿಗಾಲದಲ್ಲಿ ಅಂಗಡಿಯ ಹಿಂದೆ ಮಂಡಿಯೂರಿ ಸುತ್ತಿದವನು ಡೆಸ್ಮಂಡನೇ. ಬೆರಿಲ್‌ಳ ವ್ಯಾನು!

"ಇರಿ, ಟೈಮು ಸರಿಯಾಗಿ ಕಾಣ್ಲಿ, ಇನ್ನೂ ದೊಡ್ಡದು ಮಾಡ್ತೀನಿ," ಎಂದು ನೈಜಲ್ ಗುಂಡಿ ಒತ್ತತೊಡಗಿದ.

ಒಂದೇ ಬೆರಳು ತೋರಿಸಿದ್ದರೆ ಸಾಕಿತ್ತು, ಡೆಸ್ಮಂಡ್‌ನ ಪಾಪವೆಲ್ಲ ತೊಳೆದುಹೋಗುತ್ತಿತ್ತು. ಅವನು ಬೆರಿಲ್‌ಳ ಕಡೆ ನೋಡಿದ. ಆಕೆಯೂ ಆ ದೀಪ ನೋಡಿದ್ದಳು, ಮುಖ ಸುಣ್ಣದಂತಾಗಿತ್ತು. ಬೆಳಗ್ಗೆಯಿಂದ ಒಬ್ಬ ಹೆಂಗಸನ್ನು ಬೀದಿಗೆ ತಂದದ್ದು ಸಾಲದೇ ಎನ್ನಿಸಿತೋ ಏನೋ, ಡೆಸ್ಮಂಡ್ ನಾಲ್ಕು ಹೆಜ್ಜೆ ಹಾಕಿ ಪರದೆಗೆ ಅಡ್ಡ ನಿಂತುಬಿಟ್ಟ. ವ್ಯಾನಿನ ಮೂತಿ ಅವನ ಹೊಟ್ಟೆಯ ಮೇಲೆ ಬಿದ್ದು ಸ್ವೆಟರಿನ ಗೆರೆಗಳಲ್ಲಿ ಕಲಸಿಹೋಯಿತು.

"ಏಯ್, ಸರಿಯಯ್ಯಾ ಆಚೆ!" ಎಂದ ನೈಜಲ್.

"ಪಾಪ, ನಾಚ್ಕೋತಾ ಇದಾರೆ," ಎಂದಳು ಪಾಲೀನ್. "ಆರಿಸಿಬಿಡಿ ಅದನ್ನ."

ಆರಿಸಿದರು. ಬೆರಿಲ್ ಕರವಸ್ತ್ರದಿಂದ ಮೂಗು ಒರೆಸಿಕೊಂಡಳು. ಆಕೆ ಐವತ್ತು ವರ್ಷ ವ್ಯಾಪಾರ ಮಾಡಿದವಳು.

"ನಾನು ಕ್ಷಮಿಸ್ತೀನಿ," ಎಂದಳು. "ಆದ್ರೆ ತಪ್ಪಿಗೆ ತಕ್ಕ ಶಿಕ್ಷೆ ಬೇಡ್ವಾ? ಈಚೆಗೆ ನಂಗೆ ಕಣ್ಣು ಮಂಜು, ಸೊಂಟ ನೋವು. ಇನ್ಮೇಲೆ ಪ್ರತಿ ಮಂಗಳವಾರ, ಶುಕ್ರವಾರ ಇವನೇ ನನ್ನ ಅಂಗಡಿ ಸಾಮಾನು ತಂದು ಹಾಕ್ಲಿ."

ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಂಥಾ ತಾಯಿಕರುಳು ಎಂದರು. ಡೆಸ್ಮಂಡ್‌ನ ಅಧ್ಯಕ್ಷಗಿರಿಯನ್ನು ಅಲ್ಲೇ ಕಿತ್ತು ಪಾಲೀನ್‌ಗೆ ಕೊಟ್ಟರು. ಕೇಕೂ ಅವಳ ಪಾಲಾಯಿತು. ಗ್ಲೆನಿಸ್‌ಳ ಎರಡೂ ಪಕ್ಕದ ಕುರ್ಚಿಗಳು ಕ್ಷಣಾರ್ಧದಲ್ಲಿ ತುಂಬಿದವು. ಈಗ ಖಾಲಿ ಉಳಿದದ್ದು ಡೆಸ್ಮಂಡ್‌ನ ಅಕ್ಕಪಕ್ಕ.

ಐದು ಗಂಟೆಗೆ ಅವನು ಅಂಗಡಿಗೆ ಹೋದ. ಬೆರಿಲ್ ಬಾಗಿಲು ಹಾಕಿ, ಗಲ್ಲಾಪೆಟ್ಟಿಗೆಯ ಅಡಿಯಿಂದ ಒಂದು ಕಾಗದ ತೆಗೆದು ತೋರಿಸಿದಳು. ಅದೇ ಕಂಪನಿ, ಅದೇ ಮಂಗಳವಾರ.

"ಬ್ರೆಡ್ಡಿನ ಹತ್ರ ನಿಂತಿದ್ದಾಗ ಕಿಟಕೀಲಿ ನಿನ್ನ ಹಸಿರು ಕಾರು ಕಂಡಿತು. ಎದೆ ಧಸಕ್ ಅಂತು. ಹೊರಗೆ ಹೋಗಿ ತಳ್ಳುಗಾಡಿ ನಿಲ್ಲಿಸೋ ಮಾಡಿನ ಹಿಂದೆ ವ್ಯಾನಲ್ಲೇ ಕೂತೆ, ನೀನು ಹೋಗೋದನ್ನೇ ಕಾಯ್ತಾ. ಎಲ್ಲಿ ಹಾಳಾಗಿ ಹೋಗಿದ್ದೆ ಅಷ್ಟು ಹೊತ್ತು?"

"ಶೌಚಾಲಯದಲ್ಲಿದ್ದೆ," ಎಂದ ಡೆಸ್ಮಂಡ್. "ನಿಮ್ಮ ಟೋಪಿ ನೋಡಿ."

ಬೆರಿಲ್ ಕಾಗದವನ್ನು ಮತ್ತೆ ಗಲ್ಲಾಪೆಟ್ಟಿಗೆಯ ಅಡಿಗೆ ತುರುಕಿದಳು.

"ಹಿಂದಿನ ದಿನದ ಬ್ರೆಡ್ಡಿಗೆ ಹಳದಿ ಚೀಟಿ ಅಂಟಿಸಿ ಅಗ್ಗಕ್ಕೆ ಕೊಡ್ತಾರೆ," ಎಂದಳು ಬೆರಿಲ್ ಮೆಲ್ಲಗೆ. "ಬೇಕರಿಯವನು ಇಲ್ಲಿಗೆ ಬರೋದು ನಿಲ್ಲಿಸಿ ಎರಡು ವರ್ಷ ಆಯ್ತು. ಅರವತ್ತು ಜನ ನಂಗೋಸ್ಕರ ಸಹಿ ಹಾಕಿ ಕೂತಿದಾರೆ, ಕಪಾಟು ಖಾಲಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಮಂಗಳವಾರ ಹತ್ತು ಗಂಟೆಗೆ ಹೋಗು. ಚೀಟಿ ಅಲ್ಲೇ ಕಿತ್ತು ತಾ. ಕೆಫೆ ಕಡೆ ತಲೆ ಹಾಕ್ಬೇಡ, ಎರಡೇ ಗಂಟೆ ಟೈಮು."

ಬಾಗಿಲಾಚೆ ಪಾಲೀನ್ ಮತ್ತಿಬ್ಬರು ಗಾಜಿಗೆ ಮೂಗು ಒತ್ತಿಕೊಂಡು, ಶಿಕ್ಷೆ ಸರಿಯಾಗಿ ಶುರುವಾಯಿತೇ ಎಂದು ನೋಡುತ್ತಿದ್ದರು. ಬೆರಿಲ್ ಅವರಿಗೆ ಕೇಳುವಂತೆ ದನಿ ಎತ್ತಿ, "ಮೂರು ಪೌಂಡು!" ಎಂದು ಒಂದು ಬ್ರೆಡ್ಡು ಅವನ ಕೈಗಿಟ್ಟಳು. ಡೆಸ್ಮಂಡ್ ತೆಪ್ಪಗೆ ಕೊಟ್ಟ. ಬ್ರೆಡ್ಡು ಬಿರುಸಾಗಿತ್ತು. ಅಡಿಯಲ್ಲಿ ಉಗುರಿನಷ್ಟು ಹಳದಿ ಕಾಗದ ಇನ್ನೂ ಅಂಟಿಕೊಂಡಿತ್ತು.

ಹೊಸಿಲು ದಾಟುತ್ತಿದ್ದಂತೆ ಹೊಸ ಅಧ್ಯಕ್ಷೆ ಅವನನ್ನು ತಡೆದು ನಿಲ್ಲಿಸಿದಳು.

"ಒಂದು ಮಾತು. ಅವತ್ತು ಅಲ್ಲಿ ನಮ್ಮೂರವರು ಬೇರೆ ಯಾರಾದ್ರೂ ಕಂಡ್ರಾ? ಯಾವ್ದಾದ್ರೂ ಕಾರು, ವ್ಯಾನು?"

ಡೆಸ್ಮಂಡ್ ಬ್ರೆಡ್ಡಿನ ಅಡಿಯನ್ನು ಅಂಗೈಯಿಂದ ಮುಚ್ಚಿಕೊಂಡ.

"ಡ್ರೈವರ್ ಹೆಸರು ಹೇಳಬಾರದು, ಪಾಲೀನ್," ಎಂದ.

ಪಾಲೀನ್ ಹಿಂದಕ್ಕೆ ತಿರುಗಿ ಜೊತೆಯವರಿಗೆ ಹೇಳಿದ್ದು ಅವನಿಗೆ ಬೀದಿಯ ತಿರುವಿನವರೆಗೂ ಕೇಳಿಸಿತು. "ನೋಡಿದ್ರಾ? ಎಲ್ಲಾ ತನ್ನ ಮೇಲೆ ಹಾಕ್ಕೊಂಡು, ಈಗ್ಲೂ ಗ್ಲೆನಿಸ್ ಹೆಸರು ಬಿಟ್ಕೊಡ್ಲಿಲ್ಲ!"